3050 ಸಾಕಾ, 4050 ಬೇಕಾ ಅಂತ ಕೇಳೋ ಮೊದಲು ವ್ಯಾಟ್ ಎಷ್ಟು ಅಂತ ಕೇಳಿ

ಬಿಇಗೆ ಸೇರುತ್ತಿದ್ದೀರಿ, ಹಾಸ್ಟೆಲ್ ವಾಸ, ಕೈಯಲ್ಲಿ 70 ಸಾವಿರ. ಓದೋಕೂ ಆಗಬೇಕು, ಗೇಮ್‌ಗೂ ಆಗಬೇಕು. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ (ಗೇಮ್‌ನ ಚಿತ್ರ ಮೂಡಿಸೋ ಚಿಪ್) ಇರೋ ಲ್ಯಾಪ್‌ಟಾಪ್ ತಗೊಳ್ಳಲಾ, ಸ್ವಲ್ಪ ಸೇರಿಸಿ 4050 ಇರೋದಕ್ಕೆ ಹೋಗಲಾ ಅಂತ ಕೇಳಿದ್ದೀರಿ. 2022ರಲ್ಲಿ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ಕಾರ್ಡ್ ನಂಬರ್ ಒಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ದಾವಣಗೆರೆಯಲ್ಲಿ ಸೀಟು ಸಿಕ್ಕಿತ್ತು. ಅಪ್ಪ ಚೀಟಿ ಎತ್ತಿ ದುಡ್ಡು ಕೊಟ್ಟರು. ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಎರಡು ಲ್ಯಾಪ್‌ಟಾಪ್. ಒಂದು ದಪ್ಪ, ಪ್ಲಾಸ್ಟಿಕ್ ಮೈ, ಅದರ ಅಡಾಪ್ಟರ್ ಬೇರೆ ಇಟ್ಟಿಗೆ ಗಾತ್ರ. ಇನ್ನೊಂದು ತೆಳ್ಳಗೆ, ಬೆಳ್ಳಿ ಬಣ್ಣ, ಚಿಕ್ಕ ಅಡಾಪ್ಟರ್, ಬೆಲೆ ನಾಲ್ಕೈದು ಸಾವಿರ ಜಾಸ್ತಿ. ಎರಡರಲ್ಲೂ 3050, ಎರಡರಲ್ಲೂ 4 ಜಿಬಿ ಗ್ರಾಫಿಕ್ಸ್ ಮೆಮೊರಿ, ಎರಡರಲ್ಲೂ 16 ಜಿಬಿ ರ‍್ಯಾಮ್. ಕಾರ್ಡ್ ಒಂದೇ ಅಂದಮೇಲೆ ಗೇಮ್ ಒಂದೇ ತರ ಓಡುತ್ತದೆ, ಸುಮ್ನೆ ಭಾರ ಯಾಕೆ ಹೊರಬೇಕು? ಹೀಗೆ ಲೆಕ್ಕ ಹಾಕಿ ತೆಳ್ಳಗಿದ್ದದ್ದನ್ನು ತಂದೆ.

ಸ್ವಲ್ಪ ದಿನದಲ್ಲೇ ನನ್ನ ರೂಮ್‌ಮೇಟ್ ಆ ದಪ್ಪದ್ದನ್ನೇ ತಂದ. ಒಂದು ಭಾನುವಾರ ಎರಡನ್ನೂ ಒಂದೇ ಟೇಬಲ್ ಮೇಲೆ ಇಟ್ಟು ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿದೆವು. ಸೆಟ್ಟಿಂಗ್ಸ್ ಒಂದೊಂದಾಗಿ ನೋಡಿಕೊಂಡು ಒಂದೇ ತರ ಇಟ್ಟೆವು. ಅವನದು 55 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಮೇಲೆಯೇ ಓಡುತ್ತಿತ್ತು. ನನ್ನದು 40ರ ಹತ್ತಿರ ಏದುಸಿರು ಬಿಡುತ್ತಿತ್ತು, ಊರೊಳಗೆ ಕುದುರೆ ಓಡಿಸಿದರೆ ಇನ್ನೂ ಕೆಳಗೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದೆ. ದುಡ್ಡು ಕೊಟ್ಟು, ಚಿಪ್‌ನ ಬಿಸಿ ಎಳೆಯೋಕೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಾಯಿಸಿದೆ. ಏನೂ ಆಗಲಿಲ್ಲ.

ಕೊನೆಗೆ ನಮ್ಮ ಸೀನಿಯರ್ ಒಬ್ಬರು ಬಂದು ಕಮಾಂಡ್ ಪ್ರಾಂಪ್ಟ್ ತೆರೆದು ಎನ್‌ವಿಡಿಯಾ-ಎಸ್‌ಎಂಐ (nvidia-smi) ಅಂತ ಟೈಪ್ ಮಾಡಿದರು. ಎನ್‌ವಿಡಿಯಾ ಅಂದರೆ ಈ ಕಾರ್ಡ್‌ಗಳ ಕಂಪನಿ. ಒಂದು ಸಣ್ಣ ಟೇಬಲ್ ಬರುತ್ತದೆ. ಅದರಲ್ಲಿ ಕಾರ್ಡ್ ಈಗ ಎಷ್ಟು ವ್ಯಾಟ್ ತಿನ್ನುತ್ತಿದೆ, ಪಕ್ಕದಲ್ಲಿ ಒಂದು ಗೀಟು, ಆಚೆ ಹೆಚ್ಚೆಂದರೆ ಎಷ್ಟು ತಿನ್ನಬಹುದು ಅಂತ ಇರುತ್ತದೆ. ನನ್ನದರಲ್ಲಿ 40. ಅವನದರಲ್ಲಿ 75.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಾನು ಕಳೆದುಕೊಂಡದ್ದೆಲ್ಲ ಇಲ್ಲೇ. ಲ್ಯಾಪ್‌ಟಾಪ್‌ನ 4 ಜಿಬಿಯ 3050 ಅನ್ನೋದು ಎಲ್ಲದರಲ್ಲೂ ಒಂದೇ ತರದ ಚಿಪ್, ಒಳಗೆ ಲೆಕ್ಕ ಮಾಡೋ 2048 ಸಣ್ಣ ಕೋರ್. ಆದರೆ ಅದನ್ನು 35 ವ್ಯಾಟ್‌ನಿಂದ 80 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಕಟ್ಟಿಹಾಕಲು ಲ್ಯಾಪ್‌ಟಾಪ್ ತಯಾರಿಸುವವರಿಗೆ ಅವಕಾಶ ಇದೆ. ವ್ಯಾಟ್ ಕಡಿಮೆ ಕೊಟ್ಟರೆ ಚಿಪ್‌ನ ವೇಗವೂ ಇಳಿಯುತ್ತದೆ. ನಮ್ಮ ತೋಟದ ಪಂಪ್‌ಸೆಟ್‌ಗೆ ವೋಲ್ಟೇಜ್ ಇಲ್ಲದ ದಿನ ಮೋಟರ್ ತಿರುಗಿದರೂ ನೀರು ಸಣ್ಣಗೆ ಬರುತ್ತದಲ್ಲ, ಹಾಗೇ. ಮೋಟರ್ ಮೇಲೆ ಬರೆದಿರೋ ಎಚ್‌ಪಿ ಸುಳ್ಳಲ್ಲ, ಅದಕ್ಕೆ ಸಿಗಬೇಕಾದ್ದು ಸಿಗುತ್ತಿಲ್ಲ ಅಷ್ಟೇ.

ತಯಾರಿಸುವವರು ಯಾಕೆ ಹೀಗೆ ಮಾಡುತ್ತಾರೆ ಅಂದರೆ, ತೆಳ್ಳಗಿನ ಮೈಯಲ್ಲಿ ಫ್ಯಾನ್ ಚಿಕ್ಕದು, ಬಿಸಿ ಹೊರಗೆ ಹಾಕುವ ತಾಮ್ರದ ಪೈಪೂ ಕಡಿಮೆ. ಅಷ್ಟು ಜಾಗದಲ್ಲಿ 80 ವ್ಯಾಟ್ ಸುರಿದರೆ ಎಲ್ಲ ಕುದ್ದುಹೋಗುತ್ತದೆ. ಅಡಾಪ್ಟರ್ ಚಿಕ್ಕದಿದ್ದದ್ದೂ ಅದಕ್ಕೇ. ಆ ಇಟ್ಟಿಗೆ ಗಾತ್ರವನ್ನು ನೋಡಿ ನಾನು ಬೇಡ ಅಂದಿದ್ದೆ. ನಿಜವಾಗಿ ನಾನು ಹುಡುಕಬೇಕಿದ್ದ ಗುರುತೇ ಅದು. ಡಬ್ಬದ ಮೇಲೂ ಕೀಬೋರ್ಡ್ ಪಕ್ಕದ ಸ್ಟಿಕರ್‌ನಲ್ಲೂ ಬರೀ ಕಾರ್ಡ್ ಹೆಸರು ಇತ್ತು, ವ್ಯಾಟ್ ಎಲ್ಲೂ ಇರಲಿಲ್ಲ. 2021ರಲ್ಲಿ 30 ಸರಣಿಯ ಲ್ಯಾಪ್‌ಟಾಪ್‌ಗಳು ಬಂದಾಗಲೇ ಈ ವ್ಯಾಟ್ ಲೆಕ್ಕವನ್ನು ತಮ್ಮ ವೆಬ್‌ಸೈಟ್‌ನಲ್ಲಿ ಬರೆಯಿರಿ ಅಂತ ಎನ್‌ವಿಡಿಯಾ ತಯಾರಕರಿಗೆ ಹೇಳಿತ್ತು. ನನ್ನ ಮಾಡೆಲ್‌ಗೂ ಬರೆದಿದ್ದರು, ಪುಟದ ತಳದಲ್ಲಿ, ಟಿಜಿಪಿ (ಟೋಟಲ್ ಗ್ರಾಫಿಕ್ಸ್ ಪವರ್, ಅಂದರೆ ಕಾರ್ಡ್ ತಿನ್ನಬಹುದಾದ ಒಟ್ಟು ವ್ಯಾಟ್) ಅನ್ನೋ ಮೂರಕ್ಷರದ ಮುಂದೆ. ಆ ಮೂರಕ್ಷರ ಏನು ಅಂತ ನನಗೆ ಗೊತ್ತಿರಲಿಲ್ಲ, ಅಂಗಡಿಯವರೂ ಹೇಳಲಿಲ್ಲ. ಅಪ್ಪ ಚೀಟಿ ಎತ್ತಿದ ದುಡ್ಡಿನಲ್ಲಿ ನಾಲ್ಕೈದು ಸಾವಿರ ಹೆಚ್ಚು ಕೊಟ್ಟು ಅರ್ಧ ಕಟ್ಟಿಹಾಕಿದ ಕಾರ್ಡ್ ತಂದಿದ್ದೆ. ಅದು ಇವತ್ತಿಗೂ ನನಗೆ ಬೇಜಾರು.

4050ಗೂ ಇದೇ ಕಥೆ, 35ರಿಂದ 115 ವ್ಯಾಟ್. ಆದರೆ ಅದು 90-100 ದಾಟಿದ ಮೇಲೆ ವೇಗ ಅಷ್ಟೇನೂ ಏರಲ್ಲ. ಹಾಗಾಗಿ 115 ಅನ್ನೋ ನಂಬರ್‌ಗೆ ಮರುಳಾಗಿ ಜಾಸ್ತಿ ಕೊಡಬೇಡಿ, 45-50ರದ್ದನ್ನು ಮುಟ್ಟಲೂಬೇಡಿ. 4 ಜಿಬಿಯ 3050ಯನ್ನು ಹೊಸದಾಗಿ ಕೊಳ್ಳಲೇಬೇಡಿ ಅನ್ನೋದು ನನ್ನ ಮಾತು, ಯಾರು ಎಷ್ಟೇ ಡಿಸ್ಕೌಂಟ್ ಕೊಡಲಿ. ಈಗಿನ ಗೇಮ್‌ಗಳಲ್ಲಿ ಆ 4 ಜಿಬಿ ಬೇಗ ತುಂಬಿಹೋಗುತ್ತದೆ. ಆಮೇಲೆ ಗೋಡೆ, ಮರ ಎಲ್ಲ ಮಸುಕು ಮಸುಕಾಗಿ ಕಾಣುತ್ತವೆ, ನಡುನಡುವೆ ತಡವರಿಸುತ್ತದೆ. ರ‍್ಯಾಮ್ ತರ ಇದನ್ನು ಆಮೇಲೆ ಹಾಕಿಸಿಕೊಳ್ಳೋಕೆ ಆಗಲ್ಲ. 4050ಯಲ್ಲಿ 6 ಜಿಬಿ ಇದೆ, ಅದರ ಮುಂದಿನ ಪೀಳಿಗೆಯ 5050ಯಲ್ಲಿ 8. ಹಬ್ಬದ ಸೇಲ್‌ನಲ್ಲಿ 5050 ನಿಮ್ಮ ಬಜೆಟ್ ಹತ್ತಿರ ಬಂದರೆ ಅದನ್ನೂ ನೋಡಿ. ನೋ ಕಾಸ್ಟ್ ಇಎಂಐ ಹಾಕಿಸಿಕೊಂಡರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಎರಡೂ ನಿಮ್ಮ ತಲೆಗೇ ಬರುತ್ತವೆ, ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಓದಿಗೂ ಗೇಮ್‌ಗೂ ಒಂದೇ ಲ್ಯಾಪ್‌ಟಾಪ್ ಅನ್ನೋದನ್ನೇ ನಾನು ಒಪ್ಪಲ್ಲ. ಮೊದಲ ವರ್ಷ ಸಿ ಪ್ರೋಗ್ರಾಂ ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ ಬೇಡ. ಮಷೀನ್ ಲರ್ನಿಂಗ್ ಕಲಿಯೋಕೆ ಗೂಗಲ್ ಕೊಲ್ಯಾಬ್ (ಬ್ರೌಸರ್‌ನಲ್ಲೇ ಗೂಗಲ್‌ನ ಕಂಪ್ಯೂಟರ್ ಬಳಸೋ ಸೇವೆ) ಬಿಟ್ಟಿ ಸಿಗುತ್ತದೆ. ದಿನಾ ಕ್ಲಾಸಿಗೆ ಒಯ್ಯೋಕೆ ಬೇಕಾದ್ದು ಹಗುರ ಮತ್ತು ಬ್ಯಾಟರಿ, ಗೇಮ್‌ಗೆ ಬೇಕಾದ್ದು ಭಾರ ಮತ್ತು ಪ್ಲಗ್. ನನ್ನ ರೂಮ್‌ಮೇಟ್‌ನ 2.3 ಕೆಜಿ ಲ್ಯಾಪ್‌ಟಾಪ್ ಒಂದು ಸೆಮಿಸ್ಟರ್ ಆದಮೇಲೆ ಹಾಸ್ಟೆಲ್ ಟೇಬಲ್ ಬಿಟ್ಟು ಕದಲಲೇ ಇಲ್ಲ. ಕ್ಲಾಸ್‌ನಲ್ಲಿ ಪ್ಲಗ್ ಇದ್ದದ್ದು ಹಿಂದಿನ ಬೆಂಚಿನ ಹತ್ತಿರ ಮಾತ್ರ, ಎರಡು ಗಂಟೆಗೆ ಅವನ ಬ್ಯಾಟರಿ ಖಾಲಿ. ಕರೆಂಟ್ ಹೋದಾಗ ಗೇಮ್ ಆಡೋಣ ಅಂದುಕೊಂಡಿದ್ದರೆ ಅದೂ ಆಗಲ್ಲ. ಬ್ಯಾಟರಿ ಮೇಲೆ ಓಡುವಾಗ ಎಂಥ ಗೇಮಿಂಗ್ ಲ್ಯಾಪ್‌ಟಾಪ್ ಆದರೂ ಕಾರ್ಡ್‌ನ ವ್ಯಾಟ್ ಇಳಿಸಿಬಿಡುತ್ತದೆ.

ಹಾಗಾಗಿ ನೀವು ಯಾವ ಗೇಮ್ ಆಡುತ್ತೀರಿ ಅಂತ ಮೊದಲು ಯೋಚಿಸಿ. ಬರೀ ವಾಲರಂಟ್, ಕೌಂಟರ್ ಸ್ಟ್ರೈಕ್ ಆದರೆ ಒಳ್ಳೆಯ ಇನ್‌ಬಿಲ್ಟ್ ಗ್ರಾಫಿಕ್ಸ್ ಇರೋ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಸೆಟ್ಟಿಂಗ್ಸ್ ಇಳಿಸಿ ಆಡಬಹುದು. ಅಂಥದ್ದನ್ನು ತಗೊಂಡು ಮಿಕ್ಕ ದುಡ್ಡು ಮನೆಯಲ್ಲೇ ಇಡಿ. ಮುಂದೆ ರೂಮ್ ಮಾಡಿದಾಗಲೋ ಕೆಲಸ ಸಿಕ್ಕಾಗಲೋ ಡೆಸ್ಕ್‌ಟಾಪ್ ಕಟ್ಟಿಸಿ. ನಾನೀಗ ಬೆಂಗಳೂರಿನಲ್ಲಿದ್ದೇನೆ, ಎಸ್‌ಪಿ ರೋಡ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ಪಾರ್ಟ್ಸ್ ತಂದು ಕಟ್ಟಿಸಿದೆ. ಕಾರ್ಡ್ ಹಳತಾದರೆ ಅದೊಂದನ್ನೇ ಬದಲಾಯಿಸಬಹುದು, ಆ ನೆಮ್ಮದಿ ಲ್ಯಾಪ್‌ಟಾಪ್‌ನಲ್ಲಿ ಇಲ್ಲ.

ಇಲ್ಲ, ದೊಡ್ಡ ಗೇಮ್‌ಗಳೇ ಬೇಕು, ಹಾಸ್ಟೆಲ್‌ನಲ್ಲೇ ಬೇಕು ಅಂದರೆ ದಪ್ಪದ್ದನ್ನೇ ತಗೊಳ್ಳಿ. ಚೆಂದ ನೋಡಬೇಡಿ. ರ‍್ಯಾಮ್ 8 ಜಿಬಿಯ ಎರಡು ಕಡ್ಡಿ ಇದ್ದರೆ ಒಳ್ಳೆಯದು. 8ರ ಒಂದೇ ಕಡ್ಡಿ ಕೊಟ್ಟು ಆಮೇಲೆ ಹಾಕಿಸಿಕೊಳ್ಳಿ ಸಾರ್ ಅಂದರೆ ಹುಷಾರು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನೋದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅನ್ನೋ ಅಳತೆಗಳಿವೆ. 45% ಎನ್‌ಟಿಎಸ್‌ಸಿ ಅಂತ ಇದ್ದರೆ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, 100% ಎಸ್‌ಆರ್‌ಜಿಬಿ ಇರೋದನ್ನು ಕೇಳಿ.

ಮನೆಗೆ ಬಂದ ದಿನವೇ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆಯಿರಿ, ಗರಿಷ್ಠ ವ್ಯಾಟ್ ಅಲ್ಲಿ ಕಾಣುತ್ತದೆ. ಅಡಾಪ್ಟರ್ ಹಾಕಿ ಭಾರದ ಗೇಮ್ ಒಂದನ್ನು ಒಂದು ಗಂಟೆ ಬಿಡದೆ ಆಡಿ. ಕೊನೆಗೆ ಸಿಗುವ ಎಫ್‌ಪಿಎಸ್ ನೋಡಿ, ಮೊದಲ ಹತ್ತು ನಿಮಿಷದ್ದಲ್ಲ. ಹೇಳಿದ ವ್ಯಾಟ್ ಬರದಿದ್ದರೆ ರಿಟರ್ನ್ ಅವಧಿ ಮುಗಿಯೋ ಮೊದಲು ವಾಪಸ್ ಕೊಡಿ. ಅದಕ್ಕೇ ಡಬ್ಬ, ಥರ್ಮೋಕೋಲ್, ಬಿಲ್ಲು ಯಾವುದನ್ನೂ ಎಸೆಯಬೇಡಿ.

ಯಾವುದಾದರೂ ಮಾಡೆಲ್ ಮನಸ್ಸಿಗೆ ಬಂದಿದ್ದರೆ ಅದರ ನಂಬರ್ ಪೂರ್ತಿ ಹಾಕಿ, ಕೊನೆಯ ಅಕ್ಷರಗಳನ್ನೂ ಬಿಡದೆ. ಆ ಅಕ್ಷರ ಬದಲಾದರೆ ಒಳಗಿನ ಸಾಮಾನೇ ಬದಲಾಗಿರುತ್ತದೆ. ವ್ಯಾಟ್ ಎಷ್ಟಿದೆ ಅಂತ ನಾನು ಹುಡುಕಿ ಹೇಳುತ್ತೇನೆ.