ಪುಣೆಯಲ್ಲಿ ಇವಿ ಚಾರ್ಜಿಂಗ್: ಮನೆ ಮೀಟರ್ ಸಾಕಾ, ಬೇರೆ ಮೀಟರ್ ಬೇಕಾ?

ಹುಬ್ಬಳ್ಳಿಯಿಂದ ಪುಣೆಯ ವಾಕಡ್‌ಗೆ ಬಂದಿದ್ದೀರಿ, ಬಾಡಿಗೆ ಫ್ಲ್ಯಾಟ್, ಊರಿಂದಲೇ ತಂದ ಟಿಯಾಗೊ ಇವಿ, ಅಂದರೆ ಕರೆಂಟ್ ಕಾರ್, ದಿನಾ ಊರಿನ ಇನ್ನೊಂದು ತುದಿಯ ಖರಾಡಿಗೆ ಆಫೀಸಿಗೆ ಹೋಗಿ ಬರಬೇಕು. ಪಾರ್ಕಿಂಗ್‌ನಲ್ಲಿ ನಿಮ್ಮ ಮೀಟರಿಗೇ ಸೇರಿದ 15 ಆಂಪ್ ಸಾಕೆಟ್ ಇದೆ. ಮೊದಲ ಪೂರ್ತಿ ತಿಂಗಳಿಗೆ 330 ಯೂನಿಟ್ ಬಂದಿದೆ, ಬಿಲ್ ನೋಡಿ ಗಾಬರಿಯಾಗಿದ್ದೀರಿ. ಯಾವ ಪ್ಲಾನ್ ತಗೊಳ್ಳಬೇಕು, ರಾತ್ರಿ ಚಾರ್ಜ್ ಮಾಡಿದರೆ ಅಗ್ಗವಾ, ಕಾರಿಗೆ ಬೇರೆ ಮೀಟರ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ನಾನು ಧಾರವಾಡದ ಕಡೆಯವನು, ಪುಣೆಗೆ ಬಂದು ಬಹಳ ವರ್ಷ ಆಯ್ತು, ನಮ್ಮ ಸೊಸೈಟಿಯಲ್ಲಿ ಇವಿ ಪಾಯಿಂಟ್ ವಿಷಯಕ್ಕೆ ಓಡಾಡಿದವರಲ್ಲಿ ನಾನೂ ಒಬ್ಬ. ಗೊತ್ತಿರೋದನ್ನೆಲ್ಲ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಪ್ಲಾನ್ ವಿಷಯ. ಮೊಬೈಲ್ ರೀಚಾರ್ಜ್ ತರ ಆರಿಸೋಕೆ ಇಲ್ಲಿ ಪ್ಲಾನ್ ಅಂತ ಏನೂ ಇಲ್ಲ. ಪುಣೆಗೆ ಕರೆಂಟ್ ಕೊಡೋದು ಮಹಾವಿತರಣ ಅನ್ನೋ ಸರ್ಕಾರಿ ಕಂಪನಿ ಒಂದೇ. 2005ರಲ್ಲೇ ರಾಜ್ಯದ ವಿದ್ಯುತ್ ಮಂಡಳಿ (ಎಂಎಸ್‌ಇಬಿ) ಒಡೆದು ಬೇರೆ ಬೇರೆ ಕಂಪನಿ ಆದರೂ ಇಲ್ಲಿಯ ಜನ ಇನ್ನೂ ಎಂಎಸ್‌ಇಬಿ ಅಂತಲೇ ಕರೆಯುತ್ತಾರೆ, ಎರಡೂ ಒಂದೇ ಅಂತ ತಿಳಿದುಕೊಳ್ಳಿ. ಮುಂಬೈ ಉಪನಗರದ ಬಹಳ ಕಡೆ ಅದಾನಿ ಬೇಕಾ ಟಾಟಾ ಪವರ್ ಬೇಕಾ ಅಂತ ಆರಿಸಬಹುದು. ನಿಮ್ಮ ಆಫೀಸಿನ ಮುಂಬೈ ಗೆಳೆಯರು ಪ್ಲಾನ್ ಆರಿಸಿ ಅಂದಿದ್ದರೆ ಅದನ್ನೇ ಹೇಳಿರಬೇಕು, ಇಲ್ಲಿ ಅದು ನಡೆಯೋಲ್ಲ. ದರ ನಿಗದಿ ಮಾಡೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ನಿಮ್ಮ ಕೈಯಲ್ಲಿರೋದು ಇಷ್ಟೇ: ಕಾರಿನ ಯೂನಿಟ್ ಮನೆಯ ಮೀಟರಿನಲ್ಲೇ ಓಡಲಿ ಅನ್ನೋದಾ, ಇಲ್ಲಾ ಇವಿ ವರ್ಗದಲ್ಲಿ ಬೇರೆ ಮೀಟರ್ ತಗೊಳ್ಳೋದಾ.

ಇದನ್ನು ತೀರ್ಮಾನ ಮಾಡೋಕೆ ಮುಂಚೆ ಬಿಲ್ ಹೇಗೆ ಆಗುತ್ತದೆ ಅಂತ ಗೊತ್ತಿರಬೇಕು, ಹುಬ್ಬಳ್ಳಿಯಿಂದ ಬಂದವರು ಎಡವೋದು ಇಲ್ಲೇ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆಗಳಿಗೆ ಎಲ್ಲ ಯೂನಿಟ್ಟಿಗೂ ಒಂದೇ ದರ. 50ನೇ ಯೂನಿಟ್ಟೂ ಅಷ್ಟೇ, 350ನೇ ಯೂನಿಟ್ಟೂ ಅಷ್ಟೇ. ಅದರ ಮೇಲೆ ಗೃಹಜ್ಯೋತಿ, 200 ಯೂನಿಟ್ ಒಳಗಿದ್ದವರು ಎಷ್ಟೋ ಜನ ಬಿಲ್ಲಿನ ಕಡೆ ನೋಡೋದನ್ನೇ ಬಿಟ್ಟಿದ್ದಾರೆ. ಮಹಾರಾಷ್ಟ್ರದಲ್ಲಿ ಇನ್ನೂ ಸ್ಲ್ಯಾಬ್ ಪದ್ಧತಿ. 100ರ ತನಕ ಒಂದು ದರ, 101ರಿಂದ 300 ಇನ್ನೊಂದು, 301ರಿಂದ 500 ಮತ್ತೊಂದು, 500 ದಾಟಿದರೆ ಅದಕ್ಕೂ ಮೇಲೆ. 2024-25ರಲ್ಲಿ ಕರೆಂಟಿನ ದರ ಮತ್ತು ವೀಲಿಂಗ್ ಚಾರ್ಜ್ (ತಂತಿಯಲ್ಲಿ ಕರೆಂಟ್ ಸಾಗಿಸಿದ್ದಕ್ಕೆ ಕೊಡುವ ದುಡ್ಡು) ಎರಡೂ ಸೇರಿ ಯೂನಿಟ್ಟಿಗೆ ಮೊದಲ ಸ್ಲ್ಯಾಬ್ 5.88 ರೂಪಾಯಿ, ಎರಡನೆಯದು 11.46, ಮೂರನೆಯದು 15.72, ಕೊನೆಯದು 17.81 ಇತ್ತು. ಆಮೇಲಿನ ಆದೇಶಗಳಲ್ಲಿ ಪೈಸೆಗಳು ಹಿಂದೆ ಮುಂದೆ ಆಗಿವೆ, ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಆ ದೊಡ್ಡ ಜಿಗಿತ ಹಾಗೇ ಇದೆ. ಇದೆಲ್ಲದರ ಮೇಲೆ 16% ವಿದ್ಯುತ್ ಶುಲ್ಕ. ನಮ್ಮ ಕಡೆ ತೆರಿಗೆ 9%.

ಬಿಲ್ ಮರಾಠಿಯಲ್ಲಿದೆ ಅಂತ ಹೆದರಬೇಡಿ, ನಾಲ್ಕೈದು ಸಾಲು ಗುರುತಿಸಿದರೆ ಆಯ್ತು. ಸ್ಥಿರ ಆಕಾರ ಅಂದರೆ ಫಿಕ್ಸೆಡ್ ಚಾರ್ಜ್, ವೀಜ ಆಕಾರ ಅಂದರೆ ಯೂನಿಟ್ ಲೆಕ್ಕದ ದುಡ್ಡು, ವಹನ ಆಕಾರ ವೀಲಿಂಗ್, ಇಂಧನ ಸಮಾಯೋಜನ ಆಕಾರ ಅನ್ನೋದು ತಿಂಗಳು ತಿಂಗಳು ಬದಲಾಗುವ ಇಂಧನದ ಹೊಂದಾಣಿಕೆ, ಕೊನೆಯಲ್ಲಿ ವೀಜ ಶುಲ್ಕ. ಮಂಜೂರ್ ಭಾರ ಅಂತ ಒಂದು ಕಡೆ ಕಿಲೋವ್ಯಾಟ್ ಬರೆದಿರುತ್ತಾರೆ, ಅದು ನಿಮ್ಮ ಸ್ಯಾಂಕ್ಷನ್ ಲೋಡ್, ಅಂದರೆ ಒಂದೇ ಹೊತ್ತಿಗೆ ಎಷ್ಟು ಎಳೆಯೋಕೆ ಒಪ್ಪಿಗೆ ಇದೆ ಅನ್ನೋದು.

ಈಗ ನಿಮ್ಮ 330 ಯೂನಿಟ್ ತಗೊಳ್ಳಿ, ಲೆಕ್ಕ ಮೇಲಿನ 2024-25ರ ದರದಲ್ಲೇ ಹಾಕುತ್ತೇನೆ. ಟಿಯಾಗೊ ತಿಂಗಳಿಗೆ ಸುಮಾರು 1000 ಕಿಲೋಮೀಟರ್ ಓಡಿದರೆ, ಚಾರ್ಜ್ ಆಗುವಾಗ ಸೋರಿಹೋಗುವುದೂ ಸೇರಿ, ಗೋಡೆಯಿಂದ ಎಳೆಯೋದು ಹೆಚ್ಚುಕಮ್ಮಿ 150 ಯೂನಿಟ್. ಅಂದರೆ ಮನೆಯದು 180. ಒಟ್ಟು ಬಿಲ್ಲನ್ನು 330ರಿಂದ ಭಾಗಿಸಿದರೆ ಶುಲ್ಕ ಬಿಟ್ಟು ಯೂನಿಟ್ಟಿಗೆ 10 ರೂಪಾಯಿ ಚಿಲ್ಲರೆ ಬರುತ್ತದೆ, ನೀವೂ ಹಾಗೇ ಲೆಕ್ಕ ಹಾಕಿದ್ದೀರಿ ಅನಿಸುತ್ತದೆ. ಆದರೆ ಕಾರಿನ ಖರ್ಚು ಅದಲ್ಲ! ಕಾರ್ ಇಲ್ಲದಿದ್ದರೂ ಫ್ರಿಜ್, ಫ್ಯಾನ್, ಗೀಸರ್ ಎಲ್ಲಾ ಓಡುತ್ತಿದ್ದವು, ಅಗ್ಗದ ಮೊದಲ 100 ಯೂನಿಟ್ ಅವೇ ತಿಂದು ಮುಗಿಸಿರುತ್ತವೆ. ಕಾರ್ ಬಂದು ಕೂರೋದು ಮೇಲಿನ ತುದಿಯಲ್ಲಿ. ನಿಮ್ಮ ಕಾರಿನ 150ರಲ್ಲಿ 120 ಯೂನಿಟ್ 11.46ರ ದರದಲ್ಲಿ, ಉಳಿದ 30 ಯೂನಿಟ್ 15.72ರ ದರದಲ್ಲಿ ಬಿದ್ದಿವೆ. ಒಟ್ಟು 1847 ರೂಪಾಯಿ, 16% ಸೇರಿಸಿದರೆ 2142. ಕಿಲೋಮೀಟರಿಗೆ 2 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಲೀಟರ್ ಪೆಟ್ರೋಲ್ ನೂರು ದಾಟಿರುವಾಗ ಊರೊಳಗೆ 15 ಕಿಲೋಮೀಟರ್ ಕೊಡುವ ಕಾರಿಗೆ 7 ರೂಪಾಯಿ ಹತ್ತಿರ ಆಗುತ್ತದೆ. ಹಾಗಾಗಿ ಗಾಬರಿ ಬೇಡ, ಈಗಲೂ ಉಳಿತಾಯವೇ ಇದೆ.

ಆದರೆ ಏಪ್ರಿಲ್, ಮೇ ಬರಲಿ. ಪುಣೆಯ ಬಿಸಿಲಿಗೆ ಎಸಿ ಹಾಕಲೇಬೇಕಾಗುತ್ತದೆ, ಮನೆಯದೇ 320 ಯೂನಿಟ್ ಆಯ್ತು ಅಂದುಕೊಳ್ಳಿ. ಆಗ ಕಾರಿನ ಅಷ್ಟೂ 150 ಯೂನಿಟ್ 15.72ಕ್ಕೆ ಹೋಗುತ್ತವೆ. ಶುಲ್ಕ ಸೇರಿ 2735 ರೂಪಾಯಿ. ಕಾರ್ ಅದೇ, ಓಡಿದ್ದೂ ಅಷ್ಟೇ ದೂರ, ಸುಮಾರು 600 ರೂಪಾಯಿ ಜಾಸ್ತಿ. ಅದಕ್ಕೇ ಯಾರಾದರೂ "ನನ್ನ ಇವಿಗೆ ತಿಂಗಳಿಗೆ ಇಷ್ಟೇ ಖರ್ಚು" ಅಂದರೆ, ಅವರ ಮನೆಯದು ಎಷ್ಟು ಯೂನಿಟ್ ಅಂತ ಕೇಳದೆ ಆ ಮಾತು ನಂಬಬೇಡಿ.

ರಾತ್ರಿ ಚಾರ್ಜಿಂಗ್ ವಿಷಯ. ಹೊರದೇಶದ ವಿಡಿಯೋಗಳಲ್ಲಿ ಮಧ್ಯರಾತ್ರಿ ಮೇಲೆ ಕರೆಂಟ್ ಅಗ್ಗ ಅಂತ ತೋರಿಸುತ್ತಾರೆ, ಮಹಾವಿತರಣದ ಮನೆ ಮೀಟರಿಗೆ ಅದು ಅನ್ವಯ ಆಗೋಲ್ಲ. ಇಲ್ಲಿ ಉಲ್ಟಾ. 2025ರ ಜುಲೈ 1ರಿಂದ ಸ್ಮಾರ್ಟ್ ಟಿಒಡಿ ಮೀಟರ್ (ಯಾವ ಹೊತ್ತಿನಲ್ಲಿ ಎಷ್ಟು ಬಳಸಿದಿರಿ ಅಂತ ಲೆಕ್ಕ ಇಡುವ ಮೀಟರ್) ಇರುವ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಬಳಸಿದ ಯೂನಿಟ್ಟಿಗೆ 80 ಪೈಸೆ ರಿಯಾಯಿತಿ ಶುರುವಾಯಿತು, ಅದು ವರ್ಷ ವರ್ಷ ಸ್ವಲ್ಪ ಏರುತ್ತಾ ಒಂದು ರೂಪಾಯಿ ತನಕ ಹೋಗುತ್ತದೆ. ಹಗಲು ಸೋಲಾರ್ ಕರೆಂಟ್ ಜಾಸ್ತಿ ಸಿಗುತ್ತದಲ್ವಾ, ಅದನ್ನು ಆ ಹೊತ್ತಿನಲ್ಲೇ ಬಳಸಲಿ ಅನ್ನೋ ಲೆಕ್ಕ. ನಿಮ್ಮ ಕಾರ್ ಹಗಲು ಖರಾಡಿಯಲ್ಲಿ ನಿಂತಿರುತ್ತದೆ, ಹಾಗಾಗಿ ಶನಿವಾರ, ಭಾನುವಾರ, ಮನೆಯಿಂದ ಕೆಲಸ ಇರುವ ದಿನ ಹಗಲಲ್ಲಿ ಹಚ್ಚಿಡಿ. ತಿಂಗಳಿಗೆ 100 ಯೂನಿಟ್ ಹಾಗೆ ಹೊಂದಿಸಿದರೂ ಸಿಗೋದು 80ರಿಂದ 100 ರೂಪಾಯಿ. ಸಿಕ್ಕರೆ ತಗೊಳ್ಳಿ, ಅದಕ್ಕಾಗಿ ದಿನಚರಿ ಬದಲಿಸಬೇಡಿ. ಆಫೀಸಿನಲ್ಲಿ ಕಡಿಮೆ ದರಕ್ಕೆ ಚಾರ್ಜಿಂಗ್ ಇದ್ದರೆ ಅದೇ ಇದಕ್ಕಿಂತ ದೊಡ್ಡ ಲಾಭ, ನಾಳೆಯೇ ಅಡ್ಮಿನ್‌ನವರನ್ನು ಕೇಳಿ.

ಇನ್ನು ಬೇರೆ ಮೀಟರ್. ಇವಿ ಚಾರ್ಜಿಂಗಿಗೆ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ದರದ ವರ್ಗವೇ ಇದೆ. ಅದರಲ್ಲಿ ಮನೆಯ ಹಾಗೆ ಸ್ಲ್ಯಾಬ್ ಏರುವುದಿಲ್ಲ, ಎಷ್ಟು ಯೂನಿಟ್ ಆದರೂ ಮೂಲ ದರ ಒಂದೇ, ಅದು ಮನೆಯ ಎರಡನೇ ಸ್ಲ್ಯಾಬ್‌ಗಿಂತ ಕೆಳಗೇ ಇರುತ್ತದೆ. ಹೊತ್ತಿನ ಲೆಕ್ಕ ಮಾತ್ರ ಇರುತ್ತದೆ, ಸಂಜೆ ದುಬಾರಿ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೆ ಬೇರೆ ಫಿಕ್ಸೆಡ್ ಚಾರ್ಜ್ ಕಟ್ಟಬೇಕು, ಅದೂ ಲೋಡ್ ಲೆಕ್ಕದಲ್ಲಿ, ಕಾರ್ ಓಡಿದರೂ ಓಡದಿದ್ದರೂ. ಬೇರೆ ಠೇವಣಿ, ಮೀಟರ್ ರೂಮಿನಿಂದ ನಿಮ್ಮ ಪಾರ್ಕಿಂಗ್ ತನಕ ಹೊಸ ಕೇಬಲ್, ಎಲ್ಲಾ ನಿಮ್ಮ ತಲೆ ಮೇಲೆ. ದೊಡ್ಡ ಸೊಸೈಟಿಯಲ್ಲಿ ಆ ಕೇಬಲ್ ಎಳೆಸುವ ಖರ್ಚೇ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಮನೆ ಮತ್ತು ಕಾರ್ ಸೇರಿ 300ರ ಆಸುಪಾಸಿನಲ್ಲಿ ಇರುವ ತನಕ, ಅದರಲ್ಲೂ ಬಾಡಿಗೆ ಮನೆಯಲ್ಲಿ ಇರುವಾಗ, ಬೇರೆ ಮೀಟರಿನ ಗೋಜು ಬೇಡ. ಮನೆಯೇ ಪ್ರತಿ ತಿಂಗಳು 300 ದಾಟುತ್ತದೆ, ಸ್ವಂತ ಫ್ಲ್ಯಾಟು, ಎರಡನೇ ಇವಿ ಬರೋದಿದೆ, ಇಂಥವರು ಕಣ್ಣು ಮುಚ್ಚಿ ಹಾಕಿಸಿಕೊಳ್ಳಬಹುದು. ಈಗಿನ ದರಪಟ್ಟಿಯ ಇವಿ ದರ ತಗೊಂಡು 150ರಿಂದ ಗುಣಿಸಿ, ಫಿಕ್ಸೆಡ್ ಚಾರ್ಜ್ ಕೂಡಿಸಿ, ಮೇಲೆ ನಾನು ಮಾಡಿದ ಹಾಗೆ ಕಾರಿನ ಪಾಲಿನ ದುಡ್ಡಿನ ಪಕ್ಕ ಇಟ್ಟು ನೋಡಿ. ಒಟ್ಟು ಬಿಲ್ಲಿನ ಸರಾಸರಿ ಪಕ್ಕ ಇಡಬೇಡಿ.

ಮನೆ ಮೀಟರಿನಿಂದ ಸ್ವಂತ ಕಾರ್ ಚಾರ್ಜ್ ಮಾಡೋದು ನಿಯಮದ ಪ್ರಕಾರ ಸರಿಯೇ. ಪಕ್ಕದ ಮನೆಯವರ ಕಾರಿಗೆ ದುಡ್ಡು ತಗೊಂಡು ಹಚ್ಚಿಕೊಡೋದು ಮಾತ್ರ ಮನೆ ದರದಲ್ಲಿ ಬರೋಲ್ಲ. ಮುಂದೆ ಸ್ವಂತ ಮನೆ ತಗೊಂಡು ಬೇರೆ ಕನೆಕ್ಷನ್ ಬೇಕು ಅನಿಸಿದರೆ, 2024ರ ಫೆಬ್ರುವರಿಯಲ್ಲಿ ಕೇಂದ್ರದ ಗ್ರಾಹಕರ ಹಕ್ಕು ನಿಯಮಗಳಿಗೆ ಆದ ತಿದ್ದುಪಡಿಯಲ್ಲಿ ಇವಿಗೆ ಪ್ರತ್ಯೇಕ ಕನೆಕ್ಷನ್ ಕೇಳುವ ಅವಕಾಶ ಸ್ಪಷ್ಟವಾಗಿ ಇದೆ. ಸೊಸೈಟಿ ಕಮಿಟಿ ಮುಂದೆ ಜಗಳಕ್ಕೆ ಹೋಗದೆ ಅದರ ಪ್ರತಿ ಇಟ್ಟುಕೊಂಡು ಮಾತಾಡಿ, ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬರಹದಲ್ಲೇ ಕೇಳಿ. ಸೆಕ್ರೆಟರಿಗಳು ಹೆದರೋದು ಬೆಂಕಿಗೆ, ಹೆದರೋದರಲ್ಲಿ ತಪ್ಪೂ ಇಲ್ಲ.

ಅದಕ್ಕೇ ಸಾಕೆಟ್ ವಿಷಯ ಒತ್ತಿ ಹೇಳುತ್ತೇನೆ. 15 ಆಂಪ್ ಸಾಕೆಟ್‌ನಲ್ಲಿ ಕಾರ್ ರಾತ್ರಿಯಿಡೀ 3 ಕಿಲೋವ್ಯಾಟ್ ಹತ್ತಿರ ಎಳೆಯುತ್ತದೆ. ಗೀಸರ್ ಅರ್ಧ ಗಂಟೆ ಎಳೆದು ನಿಲ್ಲುತ್ತದೆ, ಕಾರ್ ಎಂಟು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ಸಾಕೆಟ್ ಬಿಸಿ ಆಗುತ್ತದೆ. ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ, ಬೇರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯೋದು), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯೋದು) ಹಾಕಿಸಿ, ಎಕ್ಸ್‌ಟೆನ್ಷನ್ ಬೋರ್ಡ್ ಯಾವ ಕಾರಣಕ್ಕೂ ಬೇಡ. ಕಂಪನಿಯ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸೋ ಆಸೆ ಇದ್ದರೆ ಸದ್ಯಕ್ಕೆ ಬಿಡಿ, ದಿನಕ್ಕೆ 50 ಕಿಲೋಮೀಟರ್ ಓಡಾಟಕ್ಕೆ ಅದು ಬೇಕಿಲ್ಲ, ಅದಕ್ಕೆ ಲೋಡ್ ಏರಿಸಬೇಕು. ಸಿಂಗಲ್ ಫೇಸಿನಲ್ಲಿ ಲೋಡ್ ಏರಿಸಿದರೆ ಇಲ್ಲಿ ನಮ್ಮ ಕಡೆಯ ಹಾಗೆ ಕಿಲೋವ್ಯಾಟಿಗೆ ಇಷ್ಟು ಅಂತ ಫಿಕ್ಸೆಡ್ ಚಾರ್ಜ್ ಏರೋಲ್ಲ, ಆದರೆ ತ್ರೀ ಫೇಸ್‌ಗೆ ಹೋದರೆ ಅದು ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಯಾರೋ ಹೇಳಿದರು ಅಂತ ತ್ರೀ ಫೇಸ್ ಮಾಡಿಸಬೇಡಿ.

ಒಂದು ಮಾತು ಮನೆ ಮಾಲೀಕರಿಗೆ ಈಗಲೇ ಹೇಳಿಡಿ. ಮಹಾವಿತರಣ ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇಟ್ಟುಕೊಳ್ಳುತ್ತದೆ. ಕಾರ್ ಬಂದ ಮೇಲೆ ಬಳಕೆ ಏರಿದೆಯಲ್ಲ, ವರ್ಷದ ಲೆಕ್ಕ ನೋಡುವಾಗ ಹೆಚ್ಚುವರಿ ಠೇವಣಿಗೆ ಬೇರೆಯೇ ಒಂದು ಬಿಲ್ ಬರುತ್ತದೆ. ಕನೆಕ್ಷನ್ ಅವರ ಹೆಸರಲ್ಲಿದೆ, ಠೇವಣಿಯೂ ಅವರ ಹೆಸರಲ್ಲೇ ಜಮಾ ಆಗುತ್ತದೆ. ಕಟ್ಟೋದು ಯಾರು, ಮನೆ ಬಿಡುವಾಗ ವಾಪಸ್ ಹೇಗೆ ಅಂತ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ.

ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಬಳಕೆಯೂ ಅಚ್ಚಾಗಿರುತ್ತದೆ. ನಿಮಗಿಂತ ಮುಂಚೆ ಇದ್ದವರು ಹೋದ ಮೇ ತಿಂಗಳಲ್ಲಿ ಎಷ್ಟು ಯೂನಿಟ್ ಬಳಸಿದ್ದರು ನೋಡಿ, ನಿಮ್ಮ ಹತ್ತಿರ ಎಷ್ಟು ಎಸಿ ಇದೆ ಅಂತಲೂ ಬರೆಯಿರಿ. ಬೇಸಿಗೆಯ ಲೆಕ್ಕ ನಾನೇ ಹಾಕಿಕೊಡುತ್ತೇನೆ.