ಮುರಿದುಕೊಂಡ ರೊಕ್ಕದ ಲೆಕ್ಕ

ತಮ್ಮಾ, ನಿನ್ನ ಪತ್ರ ಬಂದು ಎಂಟು ದಿನ ಆಯಿತು. "ಅಣ್ಣಾ" ಅಂತ ಕರೆದಿದ್ದೀಯ, ಮೇಲಾಗಿ ಗದಗಿನವನು. ಹಾಗಾಗಿ ನೀವು-ತಾವು ಬಿಟ್ಟು ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಜರ್ಮನಿಯ ಒಂದು ಕಂಪನಿ ವರ್ಷಕ್ಕೆ 58,000 ಯೂರೊ ಕೊಡುತ್ತೇನೆ ಅಂದಿದೆ. ಅದರಲ್ಲಿ ಮೂರನೇ ಒಂದು ಪಾಲು ಕೈಗೇ ಬರುವುದಿಲ್ಲ ಅಂತ ಯಾರೋ ಹೆದರಿಸಿದ್ದಾರೆ. ನಿಮ್ಮ ಅಪ್ಪ "ಅಷ್ಟು ಮುರಕೊಂಡ್ರ ಅದು ಸಂಬಳ ಅಲ್ಲೋ, ಸುಲಿಗಿ" ಅಂದಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು, ಕಾಲೇಜಿನಲ್ಲಿ ಪಾಠ ಮಾಡುವ ಹೆಂಡತಿಯನ್ನೂ ಮೂರನೇ ಕ್ಲಾಸಿನ ಮಗಳನ್ನೂ ಕಟ್ಟಿಕೊಂಡು ಬರುವುದು ಜಾಣತನವಾ ಅಂತ ನಿನ್ನ ಪ್ರಶ್ನೆ.

ನಾನು ಜರ್ಮನಿಯ ಕೊಬ್ಲೆಂಜ್‌ಗೆ ಬಂದು 14 ವರ್ಷ ಆಯಿತು. ಮೊದಲ ಸಂಬಳದ ಚೀಟಿ ನೋಡಿದ ದಿನ ನನಗೂ ಹೊಟ್ಟೆ ಉರಿದಿತ್ತು. ಅವ್ವನಿಗೆ ಫೋನ್ ಮಾಡಿ ಹೇಳಿದರೆ, "ಅಷ್ಟ್ ರೊಕ್ಕಾ ತಗೊಂಡು ಏನ್ ಮಾಡ್ತಾರಂತ?" ಅಂದಳು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ.

ಚೀಟಿಯಲ್ಲಿ ಎರಡು ಥರದ ಮುರಿತ ಇರುತ್ತದೆ. ಒಂದು ಆದಾಯ ತೆರಿಗೆ, ಇದು ನಮ್ಮಲ್ಲಿಯ ಹಾಗೇ. ಸಂಬಳ ಏರಿದಂತೆ ದರವೂ ಏರುತ್ತದೆ, ದೊಡ್ಡ ಸಂಬಳದವರ ಮೇಲಿನ ಭಾಗಕ್ಕೆ 42 ಪರ್ಸೆಂಟ್‌ವರೆಗೆ, ತೀರಾ ದೊಡ್ಡದಾದರೆ 45. ನಿನಗೆ ಅಷ್ಟು ಬೀಳುವುದಿಲ್ಲ. ಇನ್ನೊಂದು ವಿಮೆಗಳದ್ದು: ಪಿಂಚಣಿ, ಆರೋಗ್ಯ, ನಿರುದ್ಯೋಗ, ಮುಪ್ಪಿನ ಆರೈಕೆ. ಪಿಂಚಣಿಗೆ ಸಂಬಳದ 18.6 ಪರ್ಸೆಂಟ್, ಅರ್ಧ ನೀನು, ಅರ್ಧ ಕಂಪನಿ. ಆರೋಗ್ಯಕ್ಕೆ 14.6, ಅದರ ಮೇಲೊಂದಿಷ್ಟು ಹೆಚ್ಚುವರಿ, ಅದೂ ಅರ್ಧ ಅರ್ಧ. ನಿರುದ್ಯೋಗಕ್ಕೆ 2.6. ಎಲ್ಲಾ ಕೂಡಿಸಿದರೆ ನಿನ್ನ ಸಂಬಳದ ಐದರಲ್ಲೊಂದು ಪಾಲು ಇದಕ್ಕೇ ಹೋಗುತ್ತದೆ. ತೆರಿಗೆಗಿಂತ ಇದೇ ಜಾಸ್ತಿ. ನಿಮ್ಮ ಅಪ್ಪ ಸುಲಿಗೆ ಅಂದದ್ದು ಮುಖ್ಯವಾಗಿ ಇದನ್ನೇ.

ನಮ್ಮ ಮನೆಯ ಎರಡು ಘಟನೆ ಹೇಳುತ್ತೇನೆ, ಆಮೇಲೆ ನೀನೇ ತೀರ್ಮಾನ ಮಾಡು.

ನಾನು ಇನ್ನೂ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಅಪ್ಪ ಊರ ಸೊಸೈಟಿಯ ಸದಸ್ಯ. ಸಹಕಾರ ಸಂಘದ ರೈತರಿಗೆ ಯಶಸ್ವಿನಿ ವಿಮೆ ಇತ್ತಲ್ಲ, 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಆಮೇಲೆ ಸ್ವಲ್ಪ ಏರಿತು, ಆದರೂ ಒಂದು ಸಂತೆಯ ಖರ್ಚಿನಷ್ಟೂ ಅಲ್ಲ. ಅಪ್ಪ ಎರಡು ವರ್ಷ ಕಟ್ಟಿದ್ದ. ಮೂರನೇ ವರ್ಷ ಕಟ್ಟುವ ಕಾಲಕ್ಕೆ ಮಳೆ ಹೋಗಿತ್ತು, ಮೈಯೂ ಗಟ್ಟಿಮುಟ್ಟಾಗಿತ್ತು, "ಸುಮ್ನೆ ಯಾಕ" ಅಂತ ಬಿಟ್ಟ. ಅದೇ ವರ್ಷ ಎದೆನೋವು ಬಂತು. ಖಾಸಗಿ ಆಸ್ಪತ್ರೆಯ ಕೌಂಟರ್ ಮುಂದೆ ಸ್ಟೀಲ್ ಬೆಂಚಿನ ಮೇಲೆ ಅಣ್ಣ ಮತ್ತು ನಾನು ಕೂತು, ಯಾರ ಹತ್ತಿರ ಎಷ್ಟು ಕೇಳಬಹುದು ಅಂತ ಬಸ್ ಟಿಕೆಟಿನ ಹಿಂದೆ ಬರೆದೆವು. ಕೊನೆಗೆ ಎರಡು ಎಕರೆ ಎರಿ ಹೊಲ ಹೋಯಿತು. ಅಪ್ಪ ಉಳಿದ. ಆದರೆ ಆ ಹೊಲದ ಬದುವಿನ ಪಕ್ಕ ನಡೆಯುವಾಗ ಇವತ್ತಿಗೂ ಆ ಕಡೆ ತಿರುಗಿ ನೋಡುವುದಿಲ್ಲ.

ಇನ್ನೊಂದು ಇಲ್ಲಿಯದು. ಐದು ವರ್ಷದ ಹಿಂದೆ ನನ್ನ ಹೆಂಡತಿಗೆ ರಾತ್ರೋರಾತ್ರಿ ಅಪೆಂಡಿಕ್ಸ್. ಆಂಬುಲೆನ್ಸ್ ಬಂತು, ಆಪರೇಷನ್ ಆಯಿತು, ನಾಲ್ಕು ದಿನ ಆಸ್ಪತ್ರೆ. ಕೌಂಟರಿನಲ್ಲಿ ಕೇಳಿದ್ದು ವಿಮೆ ಕಾರ್ಡ್ ಒಂದನ್ನೇ. ಆಕೆಗೆ ಆಗ ಕೆಲಸ ಇರಲಿಲ್ಲ. ಕೆಲಸವಿಲ್ಲದ ಹೆಂಡತಿ, ಮಕ್ಕಳು ಗಂಡನ ವಿಮೆಯಲ್ಲೇ ಬರುತ್ತಾರೆ, ಅದಕ್ಕೆ ಬೇರೆ ಒಂದು ಸೆಂಟೂ ಇಲ್ಲ. ಮೂರು ವಾರದ ಮೇಲೆ ಆಸ್ಪತ್ರೆಯ ಲಕೋಟೆ ಬಂತು. ಹಳೇ ಭಯ ಎಲ್ಲಿ ಹೋಗುತ್ತದೆ? ಅಡುಗೆಮನೆಯಲ್ಲಿ ನಿಂತುಕೊಂಡೇ ಒಡೆದೆ. ದಿನಕ್ಕೆ 10 ಯೂರೊದಂತೆ ನಾಲ್ಕು ದಿನಕ್ಕೆ 40 ಯೂರೊ. ಅಷ್ಟೇ. ಎರಡು ಸಲ ಓದಿದೆ, ಹಿಂದೆ ಇನ್ನೊಂದು ಹಾಳೆ ಅಂಟಿಕೊಂಡಿದೆಯಾ ಅಂತ ತಿರುಗಿಸಿ ನೋಡಿದೆ.

ಯಶಸ್ವಿನಿ ಕೆಟ್ಟ ಯೋಜನೆ ಅಂತ ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಯೋಜನೆ. 2018ರಲ್ಲಿ ನಿಂತದ್ದು ಮತ್ತೆ ಶುರುವಾಗಿದೆ. ವ್ಯತ್ಯಾಸ ಒಂದೇ. ಅಲ್ಲಿ ಅಪ್ಪನಿಗೆ ಬಿಡಲು ಅವಕಾಶ ಇತ್ತು, ಇಲ್ಲಿ ನನಗೆ ಇಲ್ಲ. ಗಟ್ಟಿಮುಟ್ಟಾದವರೆಲ್ಲ "ಸುಮ್ನೆ ಯಾಕ" ಅಂತ ಹೊರಗುಳಿದರೆ ಒಳಗೆ ಉಳಿಯುವವರು ರೋಗಿಗಳು ಮಾತ್ರ. ಆಮೇಲೆ ಯಾವ ನಿಧಿ ಉಳಿಯುತ್ತದೆ? ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತುತ್ತಾರಲ್ಲ, ಹೆಚ್ಚು ಹೊಲ ಇದ್ದವನಿಗೆ ಹೆಚ್ಚು ಪಟ್ಟಿ, ಊಟಕ್ಕೆ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದೂ ಹಾಗೇ. ಜರ್ಮನಿಯಲ್ಲಿ 1883ರಿಂದ ಈ ಪಟ್ಟಿ ನಡೆದಿದೆ.

ನಿನಗೆ ಒಂದು ತಮಾಷೆ ಹೇಳಬೇಕು. ನಮ್ಮ ಮನೆಯಿಂದ ಹದಿನೈದು ಕಿಲೋಮೀಟರ್ ಆಚೆ ನೊಯ್‌ವೀಡ್ ಅಂತ ಊರಿದೆ. ಅಲ್ಲಿ ರೈನ್ ನದಿಗೆ ಕಟ್ಟಿದ ಸೇತುವೆಗೆ ರೈಫೈಜನ್ ಅಂತ ಹೆಸರು. ಯಾರೋ ರಾಜನೋ ಸೇನಾಪತಿಯೋ ಇರಬೇಕು ಅಂದುಕೊಂಡು ಎರಡು ವರ್ಷ ಅದರ ಮೇಲೆ ಓಡಾಡಿದೆ. ಆಮೇಲೆ ತಿಳಿಯಿತು, ಆತ ಹಳ್ಳಿಗಳ ಮೇಯರ್. 1846-47ರ ಚಳಿಗಾಲದ ಬರದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ಬ್ರೆಡ್ ಸಿಗುವ ಹಾಗೆ ಮಾಡಿದವನು. 1864ರಲ್ಲಿ ಈಗಿನ ನೊಯ್‌ವೀಡ್‌ನ ಒಂದು ಭಾಗವಾದ ಹೆಡೆಸ್‌ಡೋರ್ಫ್‌ನಲ್ಲಿ ರೈತರ ಸಾಲದ ಸಂಘ ಕಟ್ಟಿದ. ಬಡ್ಡಿ ಸಾಹುಕಾರರ ಕೈಯಿಂದ ರೈತರನ್ನು ಬಿಡಿಸುವುದೇ ಅದರ ಗುರಿ. ಮುಂದೆ ಮದ್ರಾಸ್ ಸರ್ಕಾರ ಫ್ರೆಡ್ರಿಕ್ ನಿಕೊಲ್ಸನ್ ಎಂಬ ಅಧಿಕಾರಿಯಿಂದ ಯೂರೋಪಿನ ರೈತ ಬ್ಯಾಂಕುಗಳ ಅಧ್ಯಯನ ಮಾಡಿಸಿತು. ಅವನು ಬರೆದ ದಪ್ಪ ವರದಿಯ ಸಾರ ಎರಡೇ ಮಾತು: ರೈಫೈಜನ್‌ನನ್ನು ಹುಡುಕಿ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಎಲ್ಲಿ ಸಂಘ ಶುರುವಾಯಿತು? ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲಿ! ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಗದಗಿನ ಹುಡುಗ ರೈನ್ ದಂಡೆಗೆ ಬಂದು, ತನ್ನ ಅಪ್ಪನಿಗೆ ಗೊಬ್ಬರದ ಸಾಲ ಕೊಟ್ಟ ಸೊಸೈಟಿಯ ಮೂಲಪುರುಷನ ಸೇತುವೆ ಮೇಲೆ ಎರಡು ವರ್ಷ ಓಡಾಡಿಯೂ ಗುರುತು ಹಿಡಿಯಲಿಲ್ಲ ಅಂದರೆ ಏನು ಹೇಳುವುದು. ನಿಮ್ಮ ಅಪ್ಪನಿಗೆ ಈ ಕಥೆ ಹೇಳು. ಸುಲಿಗೆ ಅನ್ನುವ ಮಾತು ಹಿಂದಕ್ಕೆ ತಗೊಳ್ಳದಿದ್ದರೂ ದನಿಯಂತೂ ಇಳಿಯುತ್ತದೆ.

ಕೆಲಸ ಹೋದರೆ ಏನು ಅಂತಲೂ ಕೇಳಿದ್ದೀಯ. ಎರಡು ವರ್ಷ ವಿಮೆ ಕಟ್ಟಿದ್ದರೆ ಒಂದು ವರ್ಷ ಕೈಸಂಬಳದ 60 ಪರ್ಸೆಂಟ್ ಬರುತ್ತದೆ, ಮಕ್ಕಳಿದ್ದರೆ 67. ಅದಕ್ಕಿಂತ ನನಗೆ ಇಷ್ಟವಾದದ್ದು ಕೆಲಸವೇ ಹೋಗದ ಹಾಗೆ ನೋಡಿಕೊಳ್ಳುವ ಏರ್ಪಾಡು, ಕುರ್ಟ್ಸ್‌ಆರ್ಬೈಟ್. ಕೊರೊನಾ ಕಾಲದಲ್ಲಿ ನಮ್ಮ ಕಾರ್ಖಾನೆಗೆ ಅರ್ಧ ಕೆಲಸ ಇತ್ತು. ಯಾರನ್ನೂ ತೆಗೆಯಲಿಲ್ಲ. ಅರ್ಧ ದಿನ ಕೆಲಸ, ಹೋದ ಸಂಬಳದ ಒಂದು ಪಾಲನ್ನು ನಿರುದ್ಯೋಗ ನಿಧಿ ತುಂಬಿಕೊಟ್ಟಿತು. 2020ರ ಏಪ್ರಿಲ್‌ನಲ್ಲಿ ದೇಶದಲ್ಲಿ ಸುಮಾರು 60 ಲಕ್ಷ ಜನ ಹೀಗೇ ಇದ್ದರು. ಆದರೆ ನಿನ್ನ ವಿಷಯದಲ್ಲಿ ಒಂದು ಮುಳ್ಳಿದೆ. ನಿನ್ನ ವೀಸಾ ಕೆಲಸಕ್ಕೆ ಗಂಟು ಹಾಕಿಕೊಂಡಿರುತ್ತದೆ. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹುಡುಕಬೇಕು. ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ಪರವಾನಗಿ, ಇದ್ದರೆ 27 ತಿಂಗಳಿಗೆ ಕಾಯಂ ಪರವಾನಗಿ ಸಿಗುತ್ತದೆ, ಜರ್ಮನ್ ಬಿ1 ಮಟ್ಟ ಪಾಸಾದರೆ 21ಕ್ಕೇ. ಆ ಆರು ತಿಂಗಳಿಗಾಗಿಯಾದರೂ ಭಾಷೆ ಕಲಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ನಂಬಿ ನಾನು ನಾಲ್ಕು ವರ್ಷ ಹಾಳು ಮಾಡಿಕೊಂಡೆ.

ಇನ್ನು ದಿನನಿತ್ಯದ ಮಾತು. ಬೆಂಗಳೂರಿನಲ್ಲಿ ನಿಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬಾಕೆ, ಅಡುಗೆಗೆ ಒಬ್ಬಾಕೆ ಬರುತ್ತಾರೆ ಅಂತ ಬರೆದಿದ್ದೀಯ. ಇಲ್ಲಿ ಅದನ್ನು ಮರೆತುಬಿಡು. ಕನಿಷ್ಠ ಕೂಲಿ 2015ರಲ್ಲಿ ಬಂದಾಗ ಗಂಟೆಗೆ 8.50 ಯೂರೊ ಇತ್ತು, 2025ಕ್ಕೆ 12.82 ಆಯಿತು. ನೆಲ ಒರೆಸುವವರಿಗೂ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ಜೊತೆಗೆ ವಿಮೆಯೂ ಇರುತ್ತದೆ. ಆದ್ದರಿಂದ ನಿನ್ನ ಕಕ್ಕಸು ನೀನೇ ತೊಳೆಯುತ್ತೀಯ. ಊರಲ್ಲಿ ನಮ್ಮ ಆರಾಮು ಎಷ್ಟರಮಟ್ಟಿಗೆ ಇನ್ನೊಬ್ಬರ ಅಗ್ಗದ ಕೂಲಿಯ ಮೇಲೆ ನಿಂತಿತ್ತು ಅಂತ ನನಗೆ ತಿಳಿದದ್ದು ಇಲ್ಲಿ ಬ್ರಷ್ ಹಿಡಿದ ಮೇಲೆ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳಕ್ಕೆ ಹೋಲಿಸಿದರೆ ಇಲ್ಲಿ ನೀನು ಸಾಹುಕಾರ ಅನ್ನಿಸುವುದಿಲ್ಲ, ಇದು ಖಂಡಿತ. ನಮ್ಮ ಕೆಳಗಿನ ಮನೆಯವನು ಹೀಟರ್ ರಿಪೇರಿ ಮೆಕ್ಯಾನಿಕ್. ಅವನ ಕಾರು ನನ್ನದಕ್ಕಿಂತ ಹೊಸದು, ರಜೆಗೆ ಅವನೂ ಸ್ಪೇನ್‌ಗೆ ಹೋಗುತ್ತಾನೆ.

ಅವನ ಮಗ ಹದಿನಾರಕ್ಕೆ ಶಾಲೆ ಮುಗಿಸಿ ಅದೇ ಕಸುಬಿಗೆ ಸೇರಿದ. ಆವುಸ್‌ಬಿಲ್ಡುಂಗ್ ಅನ್ನುತ್ತಾರೆ. ವಾರದಲ್ಲಿ ಒಂದೆರಡು ದಿನ ತರಗತಿ, ಉಳಿದ ದಿನ ಕಂಪನಿಯಲ್ಲಿ ಕೆಲಸ, ಕಲಿಯುವಾಗಲೇ ಸಂಬಳ. ಇಂಥ ಕಸುಬು 300ಕ್ಕೂ ಜಾಸ್ತಿ ಇವೆ. ನಮ್ಮಲ್ಲಿ ಐಟಿಐ ಓದಿದ ಹುಡುಗ ಅಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಇಲ್ಲಿ ಕಸುಬಿನ ಮೇಲಿನ ಪರೀಕ್ಷೆ ಪಾಸಾಗಿ ಮೈಸ್ಟರ್ ಅನ್ನಿಸಿಕೊಂಡವನು ತಲೆ ಎತ್ತಿ ಅಂಗಡಿ ಇಡುತ್ತಾನೆ.

ಹಾಗಂತ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡ. ನಿನಗೆ ತಟ್ಟುವ ಮೊದಲ ಪೆಟ್ಟು ಮಗಳ ಶಾಲೆಯದು. ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿದ ಕೂಡಲೇ ಮಕ್ಕಳನ್ನು ವಿಂಗಡಿಸುತ್ತಾರೆ. ಯೂನಿವರ್ಸಿಟಿಗೆ ನೇರ ದಾರಿ ಇರುವ ಗಿಮ್ನಾಸಿಯುಮ್ ಒಂದು ಕಡೆ, ಉಳಿದವು ಇನ್ನೊಂದು ಕಡೆ. ಹತ್ತು ವರ್ಷದ ಮಗುವಿನ ಹಣೆಬರಹ! 2001ರ ಕೊನೆಗೆ ಪೀಸಾ ಅನ್ನುವ, ಬೇರೆ ಬೇರೆ ದೇಶಗಳ ಶಾಲಾ ಮಕ್ಕಳ ಕಲಿಕೆ ಹೋಲಿಸುವ ಪರೀಕ್ಷೆಯ ಫಲಿತಾಂಶ ಬಂದಾಗ ಈ ದೇಶವೇ ಬೆಚ್ಚಿಬಿತ್ತು, ಮನೆಯ ಸ್ಥಿತಿಗೂ ಮಗುವಿನ ಓದಿಗೂ ಇಲ್ಲಿ ಅಷ್ಟು ಬಿಗಿಯಾದ ಗಂಟು ಇತ್ತು. ಈಗಲೂ ಪೂರ್ತಿ ಬಿಚ್ಚಿಲ್ಲ. ನಿನ್ನ ಮಗಳು ಭಾಷೆಯೇ ಬಾರದೆ ಬಂದು, ವರ್ಷ ತುಂಬುವುದರೊಳಗೆ ಈ ಬಾಗಿಲ ಮುಂದೆ ನಿಲ್ಲುತ್ತಾಳೆ. ನನ್ನ ಮಗನಿಗೂ ಟೀಚರ್ ಗಿಮ್ನಾಸಿಯುಮ್ ಬೇಡ ಅಂದಿದ್ದರು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗ, ಜರ್ಮನ್ ಪ್ರಬಂಧದಲ್ಲಿ ಹಿಂದೆ. ನಾವಿರುವ ಜರ್ಮನ್ ರಾಜ್ಯದಲ್ಲಿ ಕೊನೆಯ ಮಾತು ತಂದೆತಾಯಿಯದು, ಟೀಚರದಲ್ಲ. ಅದು ನನಗೆ ಗೊತ್ತಾದದ್ದು ನಮ್ಮ ಪಕ್ಕದ ತುರ್ಕಿ ಅಜ್ಜಿಯಿಂದ, ಶಾಲೆಯಿಂದ ಅಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ನಿಯಮ ಬೇರೆ. ನೀನು ಯಾವ ರಾಜ್ಯಕ್ಕೆ ಹೋಗುತ್ತೀ ಅನ್ನುವುದು ಸಂಬಳಕ್ಕಿಂತ ಮುಖ್ಯ, ಮೊದಲು ಅದನ್ನು ಬರೆದು ತಿಳಿಸು.

ಎರಡನೇದು ನಿನ್ನ ಹೆಂಡತಿಯದು. ಆಕೆಗೆ ಕೆಲಸ ಮಾಡಲು ಅನುಮತಿ ಸಿಗುತ್ತದೆ, ತೊಂದರೆ ಇಲ್ಲ. ಆದರೆ ಗಂಡಹೆಂಡತಿಯ ಆದಾಯ ಕೂಡಿಸಿ ಭಾಗ ಮಾಡುವ ತೆರಿಗೆ ಪದ್ಧತಿ 1958ರಿಂದ ಇದೆ. ಜಾಸ್ತಿ ದುಡಿಯುವವನು ತೆರಿಗೆಯ ಮೂರನೇ ವರ್ಗ ತಗೊಂಡರೆ ಇನ್ನೊಬ್ಬರು ಐದನೇ ವರ್ಗಕ್ಕೆ ಬೀಳುತ್ತಾರೆ, ತಿಂಗಳ ತೆರಿಗೆಯೆಲ್ಲಾ ಅವರ ಚೀಟಿಯ ಮೇಲೇ ಸುರಿದ ಹಾಗಿರುತ್ತದೆ. "ಇಷ್ಟಕ್ಕೆ ಯಾಕೆ ದುಡಿಯಬೇಕು" ಅಂತ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಆಕೆ ಕೆಲಸಕ್ಕೆ ಸೇರಿದ ತಿಂಗಳೇ ಇಬ್ಬರೂ ನಾಲ್ಕನೇ ವರ್ಗಕ್ಕೆ, ಅಂದರೆ ತಂತಮ್ಮ ಸಂಬಳಕ್ಕೆ ತಕ್ಕ ತೆರಿಗೆ ಮುರಿಯುವ ವರ್ಗಕ್ಕೆ, ಬದಲಾಯಿಸಿಕೊಳ್ಳಿ. ಇದನ್ನು ಮನೆಯಲ್ಲಿ ಜೋರಾಗಿ ಓದಿ ಹೇಳು.

ಮೂರನೇದು ಆಸ್ತಿ. ಸಂಬಳದ ಏರುಪೇರನ್ನು ಇವರು ತಕ್ಕಮಟ್ಟಿಗೆ ತಟ್ಟಿ ಸಮ ಮಾಡುತ್ತಾರೆ, ಆಸ್ತಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಸಂಪತ್ತಿನ ತೆರಿಗೆ 1997ರಿಂದ ವಸೂಲೇ ಆಗುತ್ತಿಲ್ಲ. ಅಪ್ಪನಿಂದಲೂ ಅವ್ವನಿಂದಲೂ ತಲಾ 4 ಲಕ್ಷ ಯೂರೊವರೆಗೆ ಮಕ್ಕಳಿಗೆ ತೆರಿಗೆ ಇಲ್ಲದೆ ಬರುತ್ತದೆ. ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಮನೆಯಲ್ಲೇ ಇದ್ದಾರೆ, ನಾನೂ. ಎಷ್ಟು ದುಡಿದರೂ ಅಜ್ಜನ ಮನೆ ಸಿಕ್ಕವನ ಜೊತೆ ನೀನು ಓಡಿ ಗೆಲ್ಲುವುದಿಲ್ಲ. ನಮ್ಮವರು ಇದನ್ನು ನೋಡಿ ನಗಬೇಕಿಲ್ಲ, ನಮ್ಮಲ್ಲಿ ಪಿತ್ರಾರ್ಜಿತದ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು, ಸಂಪತ್ತಿನ ತೆರಿಗೆ 2015ರಲ್ಲಿ.

ಮಕ್ಕಳ ಭತ್ಯೆ ಅಂತ ಒಂದಿದೆ, ಕಿಂಡರ್‌ಗೆಲ್ಡ್, 2025ರಲ್ಲಿ ತಿಂಗಳಿಗೆ 255 ಯೂರೊ, ನಿನ್ನ ಮಗಳಿಗೂ ಬರುತ್ತದೆ. ಅರ್ಜಿ ಹಾಕಬೇಕು, ತಡ ಮಾಡಬೇಡ. ಊರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ನೋಡಿ "ಬಿಟ್ಟಿ ಭಾಗ್ಯ" ಅಂತ ನಗುವ ಗೆಳೆಯರೇ ಇಲ್ಲಿಗೆ ಬಂದ ವಾರ ಇದರ ಫಾರ್ಮ್ ಕೇಳುತ್ತಾರೆ. ನನ್ನ ತಂಗಿ ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರುವ ಮುಂಚೆ ಬಸ್ ಚಾರ್ಜ್ ಲೆಕ್ಕ ಹಾಕಿ ಅತ್ತೆ ಕಳಿಸುತ್ತಲೇ ಇರಲಿಲ್ಲ. ಈಗ ಕೈಯಲ್ಲಿ ತನ್ನದೇ ರೊಕ್ಕ. ನಾನು ಇಲ್ಲಿ ದೇಶವಿಡೀ ನಡೆಯುವ ಸ್ಥಳೀಯ ಬಸ್-ರೈಲು ಪಾಸಿಗೆ 2023ರಲ್ಲಿ ತಿಂಗಳಿಗೆ 49 ಯೂರೊ ಕೊಡುತ್ತಿದ್ದೆ, 2025ಕ್ಕೆ 58 ಆಯಿತು. "ನೀನಽ ಬಡವ ನೋಡು" ಅಂತಾಳೆ.

ಹಾಗಾದರೆ ಬರಲಾ ಅಂದರೆ, ಐದು ವರ್ಷದಲ್ಲಿ ಹುಬ್ಬಳ್ಳಿಯಲ್ಲಿ ಎರಡು ಸೈಟ್ ತಗೊಳ್ಳುವ ಲೆಕ್ಕ ಇದ್ದರೆ ಬರಬೇಡ, ಬೆಂಗಳೂರೇ ವಾಸಿ. ಆ ಆಸ್ಪತ್ರೆ ಬೆಂಚಿನ ಭಯ ಇಲ್ಲದೆ ಬದುಕಬೇಕು ಅನ್ನಿಸಿದರೆ ಬಾ. ಬರುವುದಾದರೆ ಮಗಳಿಗೆ ಇವತ್ತಿನಿಂದಲೇ ಜರ್ಮನ್ ಪಾಠ ಹಚ್ಚು.

ಜೋಳದ ಹಿಟ್ಟು ಹೊತ್ತುಕೊಂಡು ಬರಬೇಡ, ಇಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ. ಬ್ಯಾಡಗಿ ಖಾರದಪುಡಿ ತಾ. ಧಾರವಾಡ ಪೇಢೆ ತರುವ ಹಾಗಿಲ್ಲ, ಹೊರದೇಶದಿಂದ ಹಾಲಿನ ಪದಾರ್ಥಕ್ಕೆ ನಿಷೇಧ ಇದೆ. ನನ್ನದೊಂದು ಡಬ್ಬಿ ಫ್ರಾಂಕ್‌ಫರ್ಟ್ ಏರ್‌ಪೋರ್ಟಿನ ಕಸದ ಬುಟ್ಟಿ ಸೇರಿದೆ. ಮೊದಲ ಸಂಬಳದ ಚೀಟಿ ಬಂದ ದಿನ ಅದನ್ನು ನಿಮ್ಮ ಅಪ್ಪನಿಗೆ ಕಳಿಸುವ ಮುಂಚೆ ನನಗೊಂದು ಫೋನ್ ಮಾಡು. ಕೂತು ಒಂದೊಂದೇ ಸಾಲು ಓದೋಣ.