ಅಪ್ಪ ರೈತ, ಐಟಿ ರಿಟರ್ನ್ ಇಲ್ಲ: ಪ್ಲ್ಯಾಬ್ 2ಕ್ಕೆ ಯುಕೆ ವಿಸಿಟರ್ ವೀಸಾ ಫೈಲ್ ಹೇಗೆ ಮಾಡೋದು?

ನೀವು ಕೇಳಿದ್ದು ಇಷ್ಟು. ಬಳ್ಳಾರಿಯಲ್ಲಿ ಎಂಬಿಬಿಎಸ್, ಹೌಸ್ ಸರ್ಜನ್ಸಿ ಎರಡೂ ಮುಗಿದಿದೆ. ಮ್ಯಾಂಚೆಸ್ಟರ್‌ನಲ್ಲಿ ಪ್ಲ್ಯಾಬ್ 2 ಪರೀಕ್ಷೆಗೆ (ಹೊರದೇಶದಲ್ಲಿ ಓದಿದ ವೈದ್ಯರು ಯುಕೆಯಲ್ಲಿ ಕೆಲಸ ಮಾಡೋಕೆ ಬರೆಯುವ ಪರೀಕ್ಷೆಯ ಎರಡನೇ ಭಾಗ) ದಿನಾಂಕ ಸಿಕ್ಕಿದೆ. ಅದರ ಜೊತೆಗೆ ಅಲ್ಲಿನ ಒಂದು ಆಸ್ಪತ್ರೆಯಲ್ಲಿ 4 ವಾರದ ಕ್ಲಿನಿಕಲ್ ಅಟ್ಯಾಚ್‌ಮೆಂಟ್, ಅಂದರೆ ಅಲ್ಲಿನ ವೈದ್ಯರ ಜೊತೆ ಇದ್ದು ಕೆಲಸ ನೋಡಿ ಕಲಿಯೋದು. ಅಪ್ಪ ಸಿರುಗುಪ್ಪ ಕಡೆ ಭತ್ತ ಬೆಳೆಯುವ ರೈತರು, ಐಟಿ ರಿಟರ್ನ್ ಅಂತ ಏನೂ ಇಲ್ಲ. ಏಜೆಂಟ್ 'ಅಕೌಂಟ್‌ನಲ್ಲಿ 10 ಲಕ್ಷ ತೋರಿಸಿ, ಉಳಿದದ್ದು ನನಗೆ ಬಿಡಿ' ಅಂದಿದ್ದಾನೆ. ತೋರಿಸಬೇಕಾ?

ಬೇಡ. ನಾನು ಹಾಗೆ ತೋರಿಸಿಯೇ ಒಂದು ಸಲ ರಿಫ್ಯೂಸ್ ಆದವಳು.

ನಮ್ಮೂರು ಸಿಂಧನೂರು ಹತ್ತಿರ. ನಮ್ಮದೂ ನಿಮ್ಮಂಥದ್ದೇ ಮನೆ, 6 ಎಕರೆ, ಎಡದಂಡೆ ಕಾಲುವೆ ನೀರು. ಮೊದಲ ಸಲ ಅರ್ಜಿ ಹಾಕುವಾಗ ಅಪ್ಪನ ಅಕೌಂಟ್‌ನಲ್ಲಿ ಇದ್ದದ್ದು 41,000 ರೂಪಾಯಿ. ನನ್ನ ಏಜೆಂಟ್ ಕೂಡ ಇದೇ ಮಾತು ಹೇಳಿದ್ದ. ಅಪ್ಪ ಗಂಜ್‌ಗೆ (ಎಪಿಎಂಸಿ ಮಾರುಕಟ್ಟೆ) ಹೋಗಿ, ತಾವು ಯಾವಾಗಲೂ ಭತ್ತ ಹಾಕುವ ದಲಾಲಿ ಅಂಗಡಿಯ ಸಾಹುಕಾರರನ್ನು ಕೇಳಿದರು. 'ಏನ್ರೀ ಗೌಡ್ರ, ಮಗಳು ಇಂಗ್ಲೆಂಡಿಗೆ ಹೊಂಟಾಳಂತಲ್ಲ, ಒಯ್ರಿ ಒಯ್ರಿ' ಅಂತ ಅವರು 6 ಲಕ್ಷ ಕೊಟ್ಟರು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಮಂಗಳವಾರ ದುಡ್ಡು ಅಕೌಂಟ್‌ಗೆ ಬಿತ್ತು, ಮುಂದಿನ ವಾರ ಸ್ಟೇಟ್‌ಮೆಂಟ್ ತೆಗೆಸಿದೆವು.

ವೀಸಾ ಅಧಿಕಾರಿ ಕಣ್ಣಿಗೆ ಆ ಒಂದು ಸಾಲು ಬಿಟ್ಟು ಬೇರೇನೂ ಬಿದ್ದ ಹಾಗಿರಲಿಲ್ಲ. ರಿಫ್ಯೂಸಲ್ ಪತ್ರದಲ್ಲಿ ಇದ್ದ ವಿಷಯ ಇದು: ನಿಮ್ಮ ಮನೆಯ ವರಮಾನಕ್ಕೂ ಈ ಮೊತ್ತಕ್ಕೂ ತಾಳೆ ಇಲ್ಲ, ದುಡ್ಡು ಎಲ್ಲಿಂದ ಬಂತು ಅಂತ ನೀವು ಹೇಳಿಲ್ಲ, ಹಾಗಾಗಿ ನೀವು ಹೇಳಿದ ಕೆಲಸಕ್ಕೇ ಬಂದು ವಾಪಸ್ ಹೋಗ್ತೀರಿ ಅಂತ ನಂಬೋಕೆ ಆಗಲ್ಲ. ನಿಯಮ ವಿ 4.2 ಅಂತ ಬರೆದಿತ್ತು. ಆ ನಂಬರ್ ನೆನಪಿಟ್ಟುಕೊಳ್ಳಿ, ವಿಸಿಟರ್ ವೀಸಾದ ಜೀವ ಇರೋದೇ ಅಲ್ಲಿ. ಹೋಗುವ ಉದ್ದೇಶ ನಿಜವಾ, ಖರ್ಚಿಗೆ ದುಡ್ಡಿದೆಯಾ, ಮುಗಿದ ಮೇಲೆ ಹೊರಡ್ತಾರಾ ಅಂತ ಅದು ಕೇಳುತ್ತದೆ. ವೀಸಾ ಬರಲಿಲ್ಲ, ಎರಡು ತಿಂಗಳಿಗೆ 24,000 ರೂಪಾಯಿ ಬಡ್ಡಿ ಮಾತ್ರ ಬಂತು. ಪರೀಕ್ಷೆ ದಿನಾಂಕ ಬಿಟ್ಟುಕೊಡಬೇಕಾಯಿತು. ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ.

ಎರಡನೇ ಸಲ ಏಜೆಂಟ್ ಸಹವಾಸ ಬಿಟ್ಟು ನಾನೇ ಕೂತು ಮಾಡಿದೆ, ವೀಸಾ ಬಂತು. ಅಪ್ಪನ ಅಕೌಂಟ್‌ನಲ್ಲಿ ಆಗ ಇದ್ದ ದುಡ್ಡು 6 ಲಕ್ಷಕ್ಕಿಂತ ಕಡಿಮೆ.

ಮೊದಲು ನಿಯಮದ ಮಾತು ಬೇಗ ಮುಗಿಸ್ತೀನಿ. ನಿಮ್ಮ ಎರಡೂ ಕೆಲಸಕ್ಕೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು, 6 ತಿಂಗಳವರೆಗೆ ಇರಬಹುದು. ಪ್ಲ್ಯಾಬ್‌ಗೆ ಜಿಎಂಸಿಯಿಂದ (ಯುಕೆಯಲ್ಲಿ ವೈದ್ಯರ ನೋಂದಣಿ ಮಾಡುವ ಮಂಡಳಿ) ಬಂದ ಬುಕಿಂಗ್ ಖಚಿತತೆಯ ಪತ್ರ ಬೇಕು. ಅಟ್ಯಾಚ್‌ಮೆಂಟ್‌ಗೆ ಆಸ್ಪತ್ರೆಯ ಪತ್ರದಲ್ಲಿ ಮೂರು ವಿಷಯ ಇರಲೇಬೇಕು: ಯಾವ ದಿನದಿಂದ ಯಾವ ದಿನದವರೆಗೆ, ಸಂಬಳ ಇಲ್ಲ, ರೋಗಿಗಳಿಗೆ ಚಿಕಿತ್ಸೆ ಕೊಡುವುದಿಲ್ಲ. ಕೊನೆಯದನ್ನು ಕೆಲವು ಆಸ್ಪತ್ರೆಯವರು ಬರೆಯೋದನ್ನ ಮರೆಯುತ್ತಾರೆ. ಮೇಲ್ ಹಾಕಿ ಸೇರಿಸಿಕೊಡಿ ಅಂತ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ. ಯುಕೆಯಲ್ಲಿ ಈ ಹಿಂದೆ ಅಟ್ಯಾಚ್‌ಮೆಂಟ್ ಮಾಡಿಲ್ಲ ಅಂತ ನೀವೂ ಕವರ್ ಲೆಟರ್‌ನಲ್ಲಿ ಬರೆಯಿರಿ. ಪತ್ರಗಳಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು ಇರ್ತದಲ್ಲ, ಅದೇ ಕಿರಿಕಿರಿ.

ಈಗ ದುಡ್ಡಿನ ವಿಷಯ. ನಿಜವಾದ ಕೆಲಸ ಇರೋದು ಇಲ್ಲೇ.

ಇಷ್ಟು ಲಕ್ಷ ಇರಲೇಬೇಕು ಅಂತ ವಿಸಿಟರ್ ನಿಯಮದಲ್ಲಿ ಎಲ್ಲೂ ಇಲ್ಲ. ನಿಮ್ಮ ಪ್ರವಾಸದ ಖರ್ಚಿಗೆ ಸಾಕಾಗಬೇಕು, ಅದು ನಿಮ್ಮದೇ ಅಥವಾ ನಿಮಗೆ ಕೊಡುವವರದೇ ದುಡ್ಡು ಅಂತ ಕಾಣಬೇಕು, ಅಷ್ಟೇ. ಹಾಗಾಗಿ ನಾನು ಮೊದಲು ಖರ್ಚಿನ ಲೆಕ್ಕ ಬರೆದೆ. ವಿಮಾನ, ಬಾಡಿಗೆ ರೂಮು, ಊಟ, ಬಸ್ಸು, ಅಭ್ಯಾಸದ ಕೋರ್ಸು. ಆಮೇಲೆ ಅದರ ಮುಂದೆ ಯಾರ ದುಡ್ಡು ಅಂತ ಬರೆದೆ. ಇಷ್ಟು ನನ್ನ ಸಂಬಳದ ಉಳಿತಾಯ, ಉಳಿದದ್ದು ಅಪ್ಪನದು.

ಅಪ್ಪನದು ಅಂದಮೇಲೆ ಅದು ಎಲ್ಲಿಂದ ಬಂತು ಅಂತ ತೋರಿಸಬೇಕಲ್ವಾ? ಕೃಷಿ ಆದಾಯಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲ, ಅದಕ್ಕೇ ರಿಟರ್ನ್ ಇಲ್ಲ. ಲಂಡನ್ನಿನಲ್ಲೋ ದೆಹಲಿಯಲ್ಲೋ ಕೂತವರಿಗೆ ಇದು ಗೊತ್ತಿರಲೇಬೇಕು ಅಂತ ಅಂದುಕೊಳ್ಳಬೇಡಿ, ಒಂದು ಸಾಲಿನಲ್ಲಿ ಬರೆದುಬಿಡಿ. ರಿಟರ್ನ್ ಜಾಗದಲ್ಲಿ ನಾನು ಇಟ್ಟದ್ದು ಗಂಜ್‌ನ ಪಟ್ಟಿ. ದಲಾಲಿ ಅಂಗಡಿಯವರು ಮಾಲು ತೂಗಿದ ಮೇಲೆ ಕೊಡ್ತಾರಲ್ಲ, ಅದೇ ಚೀಟಿ. ತಾರೀಕು, 75 ಕೆಜಿಯ ಚೀಲ ಎಷ್ಟು, ದರ ಎಷ್ಟು, ಹಮಾಲಿ ಕಳೆದು ಕೈಗೆ ಬಂದದ್ದು ಎಷ್ಟು, ಎಲ್ಲ ಅದರಲ್ಲೇ ಇರ್ತದೆ. ಮನೆಯಲ್ಲಿ ಅದು ದೇವರ ಮನೆ ಗೂಡಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು, ಒಂದರ ಮೇಲೆ ಅರಿಶಿಣದ ಕಲೆ ಬೇರೆ. ತೊಂದರೆ ಏನಾಗಲಿಲ್ಲ.

ಎರಡನೇ ಸಲ ನಾನು ಒಂದೇ ಒಂದು ಹಟ ಹಿಡಿದೆ. 'ಈ ಸಲ ಭತ್ತದ ದುಡ್ಡು ನಗದು ಬೇಡಪ್ಪ, ಬ್ಯಾಂಕಿಗೇ ಹಾಕಿಸು.' ಪಟ್ಟಿಯಲ್ಲಿ ಇದ್ದ ಮೊತ್ತವೇ ಎರಡು ದಿನ ಬಿಟ್ಟು ಸ್ಟೇಟ್‌ಮೆಂಟ್‌ನಲ್ಲಿ ಬಂತು, ಒಂದು ರೂಪಾಯಿ ಆಚೀಚೆ ಇಲ್ಲ. ಕವರ್ ಲೆಟರ್‌ನಲ್ಲಿ 'ಪಟ್ಟಿ 1ರ ಮೊತ್ತ ಸ್ಟೇಟ್‌ಮೆಂಟ್‌ನ 3ನೇ ಪುಟದಲ್ಲಿದೆ' ಅಂತ ಬರೆದೆ. ಓದುವವರು ಹುಡುಕಬಾರದು, ಅವರಿಗೆ ಒಂದು ಫೈಲ್‌ಗೆ ಎಷ್ಟು ಹೊತ್ತು ಇರ್ತದೆ ಹೇಳಿ.

ಇನ್ನೊಂದು ಇದೆ, ಇದನ್ನ ಯಾರೂ ಹೇಳಲ್ಲ. ನಿಮ್ಮ ಅಪ್ಪನದೂ ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಬೆಳೆ ಸಾಲ ಇರ್ತದೆ, ಗ್ಯಾರಂಟಿ. ಅದನ್ನ ವರ್ಷಕ್ಕೊಮ್ಮೆ ಹೇಗೆ ನವೀಕರಣ ಮಾಡ್ತಾರೆ ನೆನಪು ಮಾಡ್ಕೊಳ್ಳಿ. ಯಾರ ಹತ್ತಿರವೋ ಕೈಗಡ ತಂದು ಸಾಲ ಕಟ್ಟುವುದು, ಮರುದಿನ ಮತ್ತೆ ತೆಗೆದು ಅವರಿಗೆ ವಾಪಸ್ ಕೊಡುವುದು. ನಮ್ಮಪ್ಪನ ಸ್ಟೇಟ್‌ಮೆಂಟ್‌ನಲ್ಲಿ ಮಾರ್ಚ್ ಕೊನೆಯಲ್ಲಿ 3 ಲಕ್ಷ ಒಳಗೆ, ಮರುದಿನ 3 ಲಕ್ಷ ಹೊರಗೆ. ನಮಗೆ ಇದು ಪ್ರತಿ ವರ್ಷದ ಯುಗಾದಿ ಇದ್ದ ಹಾಗೆ. ಹೊರಗಿನವರಿಗೆ ಇದು ನೂರಕ್ಕೆ ನೂರು ಅನುಮಾನದ ದುಡ್ಡು. ನಾನು ಮೂರು ಸಾಲಿನಲ್ಲಿ ವಿವರಿಸಿ, ಸಾಲದ ಖಾತೆಯ ಪುಟವನ್ನೂ ಜೊತೆಗೆ ಇಟ್ಟೆ. ಸಾಲ ಇದೆ ಅಂತ ತೋರಿಸಿದರೆ ವೀಸಾ ಹೋಗುತ್ತೆ ಅಂತ ಅಪ್ಪ ಹೆದರಿದ್ದರು. ಹೋಗಲಿಲ್ಲ.

ಸ್ಟೇಟ್‌ಮೆಂಟ್ 6 ತಿಂಗಳದ್ದು ಇರಲಿ. ಊರಿನ ಗ್ರಾಮೀಣ ಬ್ಯಾಂಕ್ ಆದರೆ ಪಾಸ್‌ಬುಕ್ ಜೆರಾಕ್ಸ್ ಹಾಕಬೇಡಿ, ಮ್ಯಾನೇಜರ್ ಹತ್ತಿರ ಸಹಿ, ಸೀಲು ಇರುವ ಸ್ಟೇಟ್‌ಮೆಂಟ್ ಕೇಳಿ ತಗೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ ಅಷ್ಟೇ.

ಪಹಣಿ ಕನ್ನಡದಲ್ಲಿ ಇರ್ತದೆ, ಪಟ್ಟಿಯೂ ಕನ್ನಡದಲ್ಲೇ. ಇಂಗ್ಲಿಷ್ ಅನುವಾದ ಇಲ್ಲದಿದ್ದರೆ ಅವು ಇದ್ದೂ ಇಲ್ಲದ ಹಾಗೆ. ಮೊದಲ ಸಲ ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಅರ್ಧ ಪುಟ ಇಂಗ್ಲಿಷ್ ಹೊಡೆಸಿ ನೋಟರಿ ಸೀಲು ಹಾಕಿಸಿದ್ದೆ. ಅವರು ಕೇಳೋದು ಅದನ್ನಲ್ಲ. ಇದು ಮೂಲಕ್ಕೆ ಸರಿಯಾದ ಅನುವಾದ ಅಂತ ಅನುವಾದ ಮಾಡಿದವರೇ ಬರೆದು, ತಾರೀಕು, ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಕೊಡಬೇಕು. ಎರಡನೇ ಸಲ ಬೆಂಗಳೂರಿನ ಒಂದು ಅನುವಾದ ಸಂಸ್ಥೆಗೆ ಸ್ಕ್ಯಾನ್ ಕಳಿಸಿ ಮಾಡಿಸಿದೆ. ಅವರು ಪಹಣಿಯಲ್ಲಿದ್ದ 'ಖುಷ್ಕಿ' (ಮಳೆ ನಂಬಿದ ಹೊಲ), 'ತರಿ' (ನೀರಾವರಿ ಹೊಲ) ಏನು ಅಂತ ಫೋನ್ ಮಾಡಿ ಕೇಳಿದರು. ಆಗಲೇ ಅಂದುಕೊಂಡೆ, ಇವರು ಓದಿ ಮಾಡ್ತಾರೆ ಅಂತ.

ವಾಪಸ್ ಬರ್ತೀರಾ ಅನ್ನೋದಕ್ಕೆ ಪಹಣಿ ಒಂದರಿಂದ ಆಗಲ್ಲ, ಹೊಲ ಅಪ್ಪನ ಹೆಸರಲ್ಲಿ ಇರ್ತದೆ. ನನಗೆ ಕೈ ಹಿಡಿದದ್ದು ಕೆಲಸ. ಹೌಸ್ ಸರ್ಜನ್ಸಿ ಮುಗಿದ ಮೇಲೆ ರಾಯಚೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೆ. ಅವರಿಂದ ರಜೆಯ ಪತ್ರ ತಗೊಂಡೆ. ಯಾವಾಗಿನಿಂದ ಕೆಲಸ, ಸಂಬಳ ಎಷ್ಟು, ರಜೆ ಯಾವ ದಿನಾಂಕಗಳಿಗೆ, ಯಾವ ದಿನ ಮತ್ತೆ ಡ್ಯೂಟಿಗೆ ಬರಬೇಕು. ಸಂಬಳ ಪ್ರತಿ ತಿಂಗಳು ನನ್ನ ಅಕೌಂಟ್‌ಗೆ ಬಿದ್ದದ್ದೂ ಕಾಣ್ತಿತ್ತು. ನೀವು ಈಗ ಸುಮ್ನೆ ಮನೆಯಲ್ಲಿ ಕೂತು ಓದ್ತಾ ಇದ್ದರೆ, ಪರೀಕ್ಷೆಗೆ ಇನ್ನೂ ಟೈಮ್ ಇದ್ದರೆ, ಎಲ್ಲಾದರೂ ಡ್ಯೂಟಿಗೆ ಸೇರಿ. ಪ್ಲ್ಯಾಬ್ 2ರ ಸ್ಟೇಷನ್‌ಗಳಲ್ಲಿ (ಪರೀಕ್ಷೆಯ ಒಂದೊಂದು ಸನ್ನಿವೇಶ) ರೋಗಿ ಜೊತೆ ಮಾತಾಡೋ ಅಭ್ಯಾಸಕ್ಕೂ ಅದೇ ಒಳ್ಳೇದು.

'ಮುಂದೆ ಅಲ್ಲೇ ಕೆಲಸ ಮಾಡೋ ಆಸೆ ಇದೆ ಅಂತ ಹೇಳಿದರೆ ತಪ್ಪಾಗುತ್ತಾ' ಅಂತಲೂ ಕೇಳಿದ್ದೀರಿ. ಪ್ಲ್ಯಾಬ್ ಬರೆಯೋದೇ ಜಿಎಂಸಿ ನೋಂದಣಿಗೆ, ಅದು ಅವರಿಗೂ ಗೊತ್ತು. ಮುಚ್ಚಿಟ್ಟರೆ ನಿಮ್ಮ ಮಾತೇ ಸುಳ್ಳಾಗಿ ಕಾಣ್ತದೆ. ವಿಸಿಟರ್ ವೀಸಾದಿಂದ ಅಲ್ಲೇ ಕೆಲಸದ ವೀಸಾಗೆ ಬದಲಾಗೋಕೆ ಬಿಡಲ್ಲ. ಅದಕ್ಕೆ ನಾನು ನೇರವಾಗಿ ಬರೆದೆ: ಪರೀಕ್ಷೆ, ಅಟ್ಯಾಚ್‌ಮೆಂಟ್ ಮುಗಿಸಿ ರಾಯಚೂರಿಗೆ ವಾಪಸ್ ಬರ್ತೀನಿ, ಮುಂದೆ ಕೆಲಸ ಸಿಕ್ಕರೆ ಭಾರತದಿಂದಲೇ ಬೇರೆ ವೀಸಾಗೆ ಅರ್ಜಿ ಹಾಕ್ತೀನಿ.

ಇನ್ನು ಫೈಲ್ ದಪ್ಪ ಮಾಡುವ ಚಟ. ಸಿಇಟಿ ದಾಖಲೆ ಪರಿಶೀಲನೆಗೆ ಒರಿಜಿನಲ್ಲು, ಮೂರು ಸೆಟ್ ಜೆರಾಕ್ಸು, 371(ಜೆ) ಸರ್ಟಿಫಿಕೇಟು, ಜಾತಿ, ಆದಾಯ ಎಲ್ಲ ಹೊತ್ತುಕೊಂಡು ಹೋದವರು ನಾವು. ಒಂದು ಕಾಗದ ಇಲ್ಲ ಅಂದರೆ ಸೀಟೇ ಹೋಯಿತು ಅನ್ನೋ ಭಯ ಇನ್ನೂ ಮೈಯಲ್ಲಿದೆ. ಯುಕೆ ಸರ್ಕಾರದ ವೆಬ್‌ಸೈಟ್‌ನಲ್ಲೇ ಬೇಡದ ಕಾಗದಗಳ ಪಟ್ಟಿ ಇದೆ: ವಿಮಾನದ ಬುಕಿಂಗ್, ಹೋಟೆಲ್ ಬುಕಿಂಗ್, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್, ಡ್ರೈವಿಂಗ್ ಲೈಸೆನ್ಸ್, ಪ್ರವಾಸ ವಿಮೆ, ಫೋಟೋಗಳು, ನೋಟರಿ ಪ್ರಮಾಣಪತ್ರಗಳು. ನನ್ನ ಮೊದಲ ಫೈಲ್‌ನಲ್ಲಿ ಇವುಗಳಲ್ಲಿ ಮುಕ್ಕಾಲು ಪಾಲು ಇದ್ದವು, ಅಕ್ಕನ ಮದುವೆಯ ಫೋಟೋ ಸೇರಿ. ಅದು ಯಾಕೆ ಅಂತ ಇವತ್ತಿಗೂ ಏಜೆಂಟ್‌ಗೇ ಗೊತ್ತು. ವೈದ್ಯರು ಅಂತ ತೋರಿಸೋಕೆ ಪದವಿಯ ಒಂದು ಪುಟ, ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮನೆಯಲ್ಲೇ ಇರಲಿ.

ಅರ್ಜಿಯನ್ನು ಪ್ರಯಾಣಕ್ಕೆ 3 ತಿಂಗಳು ಇರುವಾಗಿನಿಂದ ಆನ್‌ಲೈನ್‌ನಲ್ಲಿ ಹಾಕಬಹುದು. 6 ತಿಂಗಳ ವೀಸಾಗೆ 2025ರ ಏಪ್ರಿಲ್‌ನಿಂದ 127 ಪೌಂಡ್ ಆಗಿತ್ತು, ಕಟ್ಟುವ ದಿನ ಎಷ್ಟಿದೆ ನೋಡಿಕೊಳ್ಳಿ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರ. ಬೆಂಗಳೂರಿಗಿಂತ ನಮಗೆ ಹೈದರಾಬಾದ್ ಹತ್ತಿರ, ಅಲ್ಲಿನ ವಿಎಫ್‌ಎಸ್‌ಗೇ (ಬೆರಳಚ್ಚು ತಗೊಳ್ಳುವ ವೀಸಾ ಕೇಂದ್ರ) ಹೋದೆ. ನೀವು ಎಲ್ಲಿ ಹೋದರೂ ನಡೆಯುತ್ತದೆ. ದಾಖಲೆಗಳನ್ನು ಮನೆಯಲ್ಲೇ ಕೂತು ನೀವೇ ಅಪ್‌ಲೋಡ್ ಮಾಡಿ, ಅದಕ್ಕೆ ದುಡ್ಡಿಲ್ಲ. ಎಸ್‌ಎಂಎಸ್, ಲೌಂಜ್, ಕೊರಿಯರ್ ಅಂತ ಕೇಳ್ತಾರೆ, ಬೇಕಿದ್ದರೆ ಮಾತ್ರ. ಹೋಗುವ ವಾರ ಮನೆಯಲ್ಲಿ ಮದುವೆ ಇದ್ದರೂ ಬೆರಳ ತುದಿಗೆ ಮೆಹಂದಿ ಹಾಕಿಸಿಕೊಳ್ಳಬೇಡಿ, ಬೆರಳಚ್ಚಿಗೆ ತೊಂದರೆ. ಇಂಟರ್‌ವ್ಯೂ ಅಂತ ನನಗೆ ಏನೂ ಇರಲಿಲ್ಲ. ಅಮೆರಿಕದ ವೀಸಾದಂತೆ ಕಿಟಕಿ ಮುಂದೆ ನಿಂತು ಮಾತಾಡಿ ಸರಿ ಮಾಡ್ಕೊಳ್ಳೋ ಅವಕಾಶ ಇಲ್ಲಿ ಇಲ್ಲ, ನಿಮ್ಮ ಪರವಾಗಿ ಕಾಗದವೇ ಮಾತಾಡಬೇಕು.

ಏಜೆಂಟ್ ಬಗ್ಗೆ ಒಂದೇ ಮಾತು. ಫಾರ್ಮ್ ತುಂಬೋಕೆ ಯಾರ ಸಹಾಯ ಬೇಕಾದರೂ ತಗೊಳ್ಳಿ, ಆದರೆ ಅವನು ಸುಳ್ಳು ಕೆಲಸದ ಪತ್ರನೋ, ತಿದ್ದಿದ ಸ್ಟೇಟ್‌ಮೆಂಟೋ ಸೇರಿಸಿದರೆ ಹೊಣೆ ನಿಮ್ಮದೇ. ಮೋಸ ಅಂತ ಸಿಕ್ಕಿಬಿದ್ದರೆ 10 ವರ್ಷ ಅರ್ಜಿ ತಿರಸ್ಕಾರ ಆಗ್ತದೆ. ಬರೀ ರಿಫ್ಯೂಸ್ ಆದರೆ ಹಾಗಲ್ಲ, ಮತ್ತೆ ಹಾಕಬಹುದು. ಹಿಂದೆ ರಿಫ್ಯೂಸ್ ಆಗಿದೆಯಾ ಅನ್ನೋ ಪ್ರಶ್ನೆಗೆ ಮಾತ್ರ ಹೌದು ಅಂತಲೇ ಬರೆಯಬೇಕು. ನಾನು ಹೌದು ಅಂತ ಬರೆದು, ಆ 6 ಲಕ್ಷ ಯಾರದ್ದು, ಯಾಕೆ ಹಾಕಿದ್ದೆವು, ಯಾವಾಗ ವಾಪಸ್ ಕೊಟ್ಟೆವು ಅಂತ ಇದ್ದದ್ದು ಇದ್ದ ಹಾಗೆ ಬರೆದೆ. ಆ ಪ್ಯಾರಾ ಬರೆಯೋಕೆ ಎರಡು ದಿನ ಹಿಡಿಯಿತು.

ಹೊರಡುವಾಗ ಜಿಎಂಸಿ ಪತ್ರ, ಆಸ್ಪತ್ರೆ ಪತ್ರ, ವಾಪಸ್ ಟಿಕೆಟ್, ರಜೆ ಪತ್ರ ನಾಲ್ಕರ ಪ್ರಿಂಟೂ ಕೈಚೀಲದಲ್ಲಿ ಇರಲಿ, ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಬೇಡ. ಮ್ಯಾಂಚೆಸ್ಟರ್‌ನಲ್ಲಿ ಇಳಿದಾಗ ಕೌಂಟರ್‌ನಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ನೋಡಿ, 'ಪ್ಲ್ಯಾಬಾ? ಯಾವತ್ತು?' ಅಂತ ಕೇಳಿದರು. ನಾನು ಪತ್ರ ತೆಗೆಯುವಷ್ಟರಲ್ಲಿ ಸೀಲು ಬಿದ್ದಿತ್ತು. ಆದರೆ ನನ್ನ ಪಕ್ಕದ ಸಾಲಿನ ಹುಡುಗನನ್ನು ಹತ್ತು ನಿಮಿಷ ನಿಲ್ಲಿಸಿದರು, ಅವನ ಪತ್ರಗಳೆಲ್ಲ ಬ್ಯಾಟರಿ ಮುಗಿದ ಫೋನ್‌ನಲ್ಲಿ ಇದ್ದವು.